ಕಲ್ಲು ಸಾಕುವುದು ಹೇಗೆ? ಮಳೆಗಾಲಕ್ಕೆ ಮೊದಲೇ ಓದಿಕೊಳ್ಳಿ

ಸಕಲೇಶಪುರದ ನಮ್ಮ ಬಾಡಿಗೆ ಮನೆಯಲ್ಲಿ ನಾಯಿ ಸಾಕುವ ಹಾಗಿಲ್ಲ. ಬೆಕ್ಕು ಬಂದರೆ ಅಮ್ಮನಿಗೆ ಸೀನು ಶುರು. ಮೀನು ತಂದೆ, ವಾರದೊಳಗೆ ಹೊಟ್ಟೆ ಮೇಲೆ ಮಾಡಿ ತೇಲಿದವು. ಕೊನೆಗೆ ಕಲ್ಲು ಸಾಕಿದೆ.

ನಗಬೇಡಿ, ಇದು ನನ್ನ ತಲೆಯಿಂದ ಬಂದ ಐಡಿಯಾ ಅಲ್ಲ. 1975ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜಾಹೀರಾತು ಬರೆಯುವ ಗ್ಯಾರಿ ಡಾಲ್ ಅನ್ನುವವನು ನುಣ್ಣನೆ ಕಲ್ಲುಗಳನ್ನು ಒಣಹುಲ್ಲು ಹಾಸಿದ ರಟ್ಟಿನ ಡಬ್ಬಿಯಲ್ಲಿಟ್ಟು, ಉಸಿರಾಡಲಿ ಅಂತ ಡಬ್ಬಿಗೆ ತೂತು ಬೇರೆ ಕೊರೆದು, ಸಾಕುವ ವಿಧಾನದ ಪುಸ್ತಕದ ಜೊತೆ ಸುಮಾರು 4 ಡಾಲರ್‌ಗೆ ಒಂದರಂತೆ ಮಾರಿದ. ಹತ್ತು ಲಕ್ಷಕ್ಕೂ ಜಾಸ್ತಿ ಹೋದವು. ನಮ್ಮೂರಲ್ಲಿ ಜಲ್ಲಿ ಲೋಡಿಗೆ ಚೌಕಾಸಿ ಮಾಡುತ್ತೇವೆ, ಅಲ್ವಾ?

"ಕಲ್ಲಿಗೆ ಎಂಥ ಆರೈಕೆ?" ಅಂತ ಎಲ್ಲರೂ ಕೇಳುತ್ತಾರೆ. ನಾನು ಒಂದನ್ನು ಸಾಯಿಸಿದ್ದೇನೆ. ಅದಕ್ಕೇ ಈ ಲೇಖನ.

ಮೊದಲು, ಒಂದು ಕಲ್ಲನ್ನು ಆರಿಸಿಕೊಳ್ಳಿ

ಒಂಟಿ ಬೇಕೋ, ಕುಟುಂಬ ಬೇಕೋ ನೋಡಿ. ಖನಿಜ ಅಂದರೆ ಒಂಟಿ, ಒಳಗೆಲ್ಲ ಒಂದೇ ಪದಾರ್ಥ. ಬೆಣಚುಕಲ್ಲು ಹಾಗೆ. ಗ್ರಾನೈಟ್ ಅವಿಭಕ್ತ ಕುಟುಂಬ: ಬೆಣಚು, ಫೆಲ್ಡ್‌ಸ್ಪಾರ್, ಮಿಣಮಿಣ ಅನ್ನುವ ಕಾಗೆಬಂಗಾರ, ಎಲ್ಲ ಒಂದೇ ಮನೆಯಲ್ಲಿ. ಶ್ರವಣಬೆಳಗೊಳದ ಗೊಮ್ಮಟ ನಿಂತಿರುವುದು ಈ ಕುಟುಂಬದ ಮೇಲೆ. ಬೇಲೂರು, ಹಳೇಬೀಡಿನ ದೇವಸ್ಥಾನಗಳದ್ದು ಮೆತ್ತಗಿನ ಬಳಪದ ಕಲ್ಲು. ಅದಕ್ಕೇ ಅಲ್ಲಿ ಬಳೆ, ಸರ, ಬೆರಳ ಉಗುರನ್ನೂ ಬಿಡದೆ ಕೆತ್ತಲು ಆಯಿತು.

ಹಾಗಂತ ದೇವಸ್ಥಾನದ ಅಂಗಳದಿಂದ ಚೂರು ಎತ್ತಿಕೊಂಡು ಬರಬೇಡಿ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗಿನಿಂದಲೂ ಬೇಡ. ಎರಡೂ ಕಡೆ ಕಾನೂನಿದೆ. ಬಾವಿ ತೋಡಿದ ಗುಡ್ಡೆ, ಸ್ವಂತ ಹಿತ್ತಲು, ಮನೆ ಕಟ್ಟಿ ಮಿಕ್ಕ ಜಲ್ಲಿ ರಾಶಿ, ಇಷ್ಟರಲ್ಲೇ ಬೇಕಾದಷ್ಟು ಸಿಗುತ್ತದೆ. ನನ್ನ ಬಳಿ ಮೂವರಿದ್ದರು. ಹಿತ್ತಲಿನ ಬೆಣಚುಕಲ್ಲು ಬೆಳ್ಳಿ, ಹೇಮಾವತಿ ದಂಡೆಯ ಗುಂಡ, ಮತ್ತೆ ಕರಿಯ. ಕುದುರೆಮುಖದ ಗಣಿಯಲ್ಲಿ ಕೆಲಸಕ್ಕಿದ್ದ ಗೆಳೆಯನ ಅಪ್ಪ ತಮ್ಮ ಮೇಜಿನ ಮೇಲಿದ್ದ ಕರಿಯನನ್ನು ನನಗೆ ಕೊಟ್ಟರು. ಅಲ್ಲಿ ಗಣಿ ನಿಂತಿದ್ದು 2005ರ ಕೊನೆಗೆ.

ಜಾತಿ ಯಾವುದು ಅಂತ ತಿಳಿದುಕೊಳ್ಳಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ, ಯಾಕಂದರೆ ಒಂದಕ್ಕೆ ಹಿತವಾದದ್ದು ಇನ್ನೊಂದಕ್ಕೆ ವಿಷ.

ಉಗುರಿನಿಂದ ಗೀರಿ. ಗೀರು ಬಿದ್ದರೆ ಮೆತ್ತನೆ ಜಾತಿ, ಬಳಪ ಅಥವಾ ಜಿಪ್ಸಂ ಇರಬಹುದು. 1812ರಲ್ಲಿ ಫ್ರೆಡ್ರಿಕ್ ಮೋಸ್ ಹಾಕಿಕೊಟ್ಟ ಗಟ್ಟಿತನದ ಪಟ್ಟಿಯಲ್ಲಿ ಬಳಪಕ್ಕೆ 1, ವಜ್ರಕ್ಕೆ 10, ನಮ್ಮ ಉಗುರಿಗೆ ಸುಮಾರು ಎರಡೂವರೆ. ಚಾಕು ಐದೂವರೆ. ಬೆಣಚು 7, ಹಾಗಾಗಿ ಅದು ಗಾಜನ್ನು ಸಲೀಸಾಗಿ ಗೀರುತ್ತದೆ. ಕಿಟಕಿ ಗಾಜಿನ ಮೇಲೆ ಪರೀಕ್ಷೆ ಮಾಡಬೇಡಿ, ನಾನು ಮಾಡಿ ಮಾಲೀಕರಿಂದ ಬೈಸಿಕೊಂಡಿದ್ದೇನೆ.

ಆಮೇಲೆ ಒಡೆದ ಟೈಲ್ಸ್ ಒಂದನ್ನು ಬೋರಲು ಹಾಕಿ. ಹಿಂಭಾಗದ ಒರಟು ಮೈಮೇಲೆ ಕಲ್ಲನ್ನು ಒತ್ತಿ ಎಳೆಯಿರಿ. ನನಗೆ ತುಂಬಾ ಇಷ್ಟವಾದ ಪರೀಕ್ಷೆ ಇದು. ಹೆಮಟೈಟ್ ಅನ್ನುವ ಕಬ್ಬಿಣದ ಅದಿರು ಹೊರಗೆ ಎಷ್ಟೇ ಕಪ್ಪಗೆ, ಬೆಳ್ಳಗೆ ಹೊಳೆಯಲಿ, ಟೈಲ್ಸ್ ಮೇಲೆ ಎಳೆದರೆ ಕೆಮ್ಮಣ್ಣಿನ ಗೆರೆ ಮೂಡುತ್ತದೆ. ಕೆಮ್ಮಣ್ಣುಗುಂಡಿಗೆ ಆ ಹೆಸರು ಬಂದಿದ್ದೇ ಆ ಬಣ್ಣದಿಂದ. ಭದ್ರಾವತಿಯ ಕಾರ್ಖಾನೆಗೆ ಅದಿರು ಹೋಗುತ್ತಿದ್ದದ್ದೂ ಅಲ್ಲಿಂದಲೇ. ನಮ್ಮ ಕರಿಯ ಎಳೆದದ್ದು ಅಪ್ಪಟ ಕಪ್ಪು ಗೆರೆ. ಕೆಟ್ಟ ಸ್ಪೀಕರಿನಿಂದ ಕಿತ್ತ ಆಯಸ್ಕಾಂತ ಹಿಡಿದರೆ ಟಕ್ ಅಂತ ಕಚ್ಚಿಕೊಂಡ. ಮ್ಯಾಗ್ನಟೈಟ್, ಅದೂ ಕಬ್ಬಿಣದ ಅದಿರೇ, ಅನುಮಾನವೇ ಇಲ್ಲ.

ನಿಂಬೆರಸ ಒಂದು ತೊಟ್ಟು ಬಿಟ್ಟಾಗ ಸಣ್ಣಗೆ ಗುಳ್ಳೆ ಎದ್ದರೆ ಕ್ಯಾಲ್ಸೈಟ್, ಅಂದರೆ ಸುಣ್ಣದ ವಂಶ. ತಕ್ಷಣ ತೊಳೆದುಬಿಡಿ. ಇಂಥವರನ್ನು ಉಪ್ಪಿನಕಾಯಿ ಭರಣಿಯ ಹತ್ತಿರ ಬಿಡಬೇಡಿ. ಅಮ್ಮಂದಿರಿಗೆ ಚಪ್ಪಟೆ ಕಲ್ಲು ಕಂಡರೆ ಭರಣಿಯೊಳಗೆ ಭಾರಕ್ಕೆ ಇಡುವ ಆಸೆ ಬರುತ್ತದೆ, ಅಲ್ಲಿನ ಹುಳಿಗೆ ಕಲ್ಲು ಸುಮ್ನೆ ಕರಗುತ್ತಾ ಹೋಗುತ್ತದೆ.

ನೆಕ್ಕಿ ನೋಡುವ ಚಪಲ ಬೇಡ. ಸೀಸ, ಪಾದರಸ ಇರುವ ಖನಿಜಗಳೂ ಇವೆ. ನಾರು ನಾರಾಗಿ ಬಿಡಿಸಿಕೊಳ್ಳುವ ಕಲ್ಲು ಸಿಕ್ಕರೆ ಇದ್ದಲ್ಲೇ ಬಿಟ್ಟು ಬನ್ನಿ, ಅದು ಕಲ್ನಾರು ಆಗಿದ್ದರೆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಸ್ನಾನ

ಬೆಣಚಿಗೆ ಹಳೇ ಟೂತ್‌ಬ್ರಷ್, ಒಂದಿಷ್ಟು ಸೋಪು, ತಣ್ಣೀರು ಸಾಕು. ಸಂದಿಗೆ ಅಂಟಿದ ಕೆಂಪು ಹೋಗಲಿಲ್ಲ ಅಂತ ಬಾತ್‌ರೂಮ್ ತೊಳೆಯುವ ಆಸಿಡ್ ಸುರಿಯಬೇಡಿ, ಆ ಕೆಂಪು ನಮ್ಮೂರಿನದ್ದೇ, ಇರಲಿ ಬಿಡಿ. ಬೆಳ್ಳಿಯನ್ನು ಉಜ್ಜುತ್ತಾ ಕೂತಿದ್ದಾಗ ಅಮ್ಮ ಬಾಗಿಲಲ್ಲಿ ನಿಂತು ಕೇಳಿದ್ದು: "ಕಲ್ಲಿಗೆ ಸೋಪ್ ಹಾಕ್ತೀಯಲ್ಲೋ, ನಿನ್ನ ಸಾಕ್ಸ್ ಒಗೆಯೋರು ಯಾರು?" ಜಿಪ್ಸಂಗೆ ಸ್ನಾನ ಮಾಡಿಸಬೇಡಿ, ಲೀಟರ್ ನೀರಿಗೆ 2 ಗ್ರಾಂನಷ್ಟು ಕರಗುತ್ತದೆ, ಹೊಳಪು ಹೋಗುತ್ತದೆ. ಒಣ ಬ್ರಷ್ ಆಡಿಸಿ. ಕಲ್ಲುಪ್ಪಿನ ಹರಳಿಗೆ ನೀರು ಹಾಕಿದರೆ ಏನಾಗುತ್ತದೆ ಅಂತ ಅಡುಗೆಮನೆಯಲ್ಲಿ ಯಾರನ್ನಾದರೂ ಕೇಳಿ.

ಮಳೆಗಾಲ

ಈಗ ಸಾವಿನ ಕಥೆ. ನನ್ನಲ್ಲಿ ನಾಲ್ಕನೆಯದೊಂದಿತ್ತು, ಬಂಗಾರಿ. ಪೈರೈಟ್. ಹಿತ್ತಾಳೆ ಬಣ್ಣದ ಪುಟ್ಟ ಪುಟ್ಟ ಘನಗಳು ಒಂದರೊಳಗೊಂದು ತೂರಿಕೊಂಡ ಹಾಗೆ, ನೋಡಿದವರೆಲ್ಲ ಚಿನ್ನವಾ ಅನ್ನುತ್ತಿದ್ದರು. ರಟ್ಟಿನ ಪೆಟ್ಟಿಗೆಯಲ್ಲಿ ಕಾಗದ ಹಾಸಿ, ಅಡುಗೆಮನೆ ಗೋಡೆಯ ಗೂಡಲ್ಲಿಟ್ಟೆ. ಜೂನ್ ಬಂತು. ನಮ್ಮ ಕಡೆ ಮಳೆ ಹಿಡಿದರೆ ಗೊತ್ತಲ್ಲ, ಚಪ್ಪಲಿಗೂ ಬೂಸ್ಟು, ಉಪ್ಪಿನ ಡಬ್ಬಿಯಲ್ಲಿ ನೀರು. ಸೆಪ್ಟೆಂಬರಿನಲ್ಲಿ ಪೆಟ್ಟಿಗೆ ತೆಗೆದಾಗ ಬೆಂಕಿಕಡ್ಡಿ ಗೀರಿದಂಥ ವಾಸನೆ. ಬಂಗಾರಿಯ ಮೈಯೆಲ್ಲ ಬಿಳಿ-ಹಳದಿ ಪುಡಿ. ಮುಟ್ಟಿದರೆ ಒಂದು ಮೂಲೆ ಹಾಗೇ ಉದುರಿತು. ಕೆಳಗಿನ ಕಾಗದ ಕಂದಾಗಿ, ಇಸ್ತ್ರಿ ಪೆಟ್ಟಿಗೆ ತಾಗಿದಂತೆ ಸುಟ್ಟಿತ್ತು.

ಆದದ್ದಿಷ್ಟು. ಪೈರೈಟ್ ಅಂದರೆ ಕಬ್ಬಿಣ ಮತ್ತು ಗಂಧಕ. ತೇವದ ಗಾಳಿ ಸಿಕ್ಕರೆ ಗಂಧಕ ಆಮ್ಲವಾಗಿ ತಿರುಗುತ್ತದೆ. ಆ ಆಮ್ಲ ಕಲ್ಲನ್ನೂ ತಿನ್ನುತ್ತದೆ, ಪೆಟ್ಟಿಗೆಯನ್ನೂ, ಪಕ್ಕದಲ್ಲಿದ್ದವರನ್ನೂ. ಒಮ್ಮೆ ಶುರುವಾದರೆ ಹಿಂದಕ್ಕೆ ತರಲಾಗುವುದಿಲ್ಲ.

ಹಾಗಾಗಿ ಮೇ ತಿಂಗಳಲ್ಲೇ ಒಂದು ಗಾಳಿ ಆಡದ ಡಬ್ಬಿ ತನ್ನಿ. ಹೊಸ ಶೂ ಜೊತೆ ಬರುತ್ತಲ್ಲ, ತಿನ್ನಬೇಡಿ ಅಂತ ಬರೆದ ಪುಟ್ಟ ಸಿಲಿಕಾ ಪೊಟ್ಟಣ, ಅದನ್ನು ನಾಲ್ಕೈದು ಹಾಕಿ. ಆಗಾಗ ಬದಲಾಯಿಸಿ. ಒಳಗಿನ ತೇವ 60 ಪರ್ಸೆಂಟ್ ದಾಟದಿದ್ದರೆ ಒಳ್ಳೆಯದು. ಹೊರಗೆ ಅದು 90 ದಾಟಿರುತ್ತದೆ. ಕಲ್ಲುಪ್ಪಿನ ಹರಳಿಗೂ ಇಂಥದೇ ಡಬ್ಬಿ ಬೇಕು, ತೇವ 75 ದಾಟಿದರೆ ಅದು ಗಾಳಿಯಿಂದಲೇ ನೀರು ಕುಡಿದು ಕರಗುತ್ತದೆ. ಪೈರೈಟ್ ಜೊತೆ ಮಾತ್ರ ಇಡಬೇಡಿ. ಬೆಳ್ಳಿಗೆ ಇದ್ಯಾವುದೂ ಬೇಡ.

ಬಿಸಿಲು

ನೇರಳೆ ಬಣ್ಣದ ಅಮೆಥಿಸ್ಟ್ ಕೊಂಡಿದ್ದರೆ ಕಿಟಕಿ ಮೇಲೆ ಇಡಬೇಡಿ. ಬಿಸಿಲಿಗೆ ಬಣ್ಣ ಹೋಗುತ್ತದೆ. ಅಷ್ಟೇ.

ಹುಟ್ಟುಹಬ್ಬ

ಕಷ್ಟದ ಕೆಲಸ. ಗೊರೂರಿನ ಸುತ್ತ ಇರುವ ಪಟ್ಟೆ ಪಟ್ಟೆ ಬಂಡೆ, ನೈಸ್ ಅನ್ನುತ್ತಾರೆ, ಸುಮಾರು 330 ಕೋಟಿ ವರ್ಷದ್ದು. ಅಷ್ಟು ಮೇಣದಬತ್ತಿ ನಮ್ಮ ಸಂತೆಯಲ್ಲಿ ಸಿಗುವುದಿಲ್ಲ. ಗುಂಡನ ಮೈಮೇಲೂ ಅಂಥದೇ ಪಟ್ಟೆ ಇತ್ತು, ವಯಸ್ಸು ಎಷ್ಟೋ, ನಾನು ಕೇಳಲಿಲ್ಲ.

ಆಟ

ಕರೆಂಟ್ ಹೋದ ರಾತ್ರಿ ಎರಡು ಬೆಣಚುಕಲ್ಲು ತಗೊಳ್ಳಿ. ನಮ್ಮಲ್ಲಿ ಅಂಥ ರಾತ್ರಿಗಳಿಗೆ ಬರ ಇಲ್ಲ. ಮೊಬೈಲ್ ಬೆಳಕನ್ನೂ ಆರಿಸಿ, ಐದು ನಿಮಿಷ ಕಣ್ಣಿಗೆ ಕತ್ತಲೆ ರೂಢಿಯಾಗಲಿ. ಆಮೇಲೆ ಎರಡನ್ನೂ ಒಂದಕ್ಕೊಂದು ಜೋರಾಗಿ ಒತ್ತಿ ಉಜ್ಜಿ. ಕಿಡಿ ಅಲ್ಲ, ಕಲ್ಲಿನ ಒಳಗೇ ಮಸುಕಾದ ಬೆಳಕು ಹತ್ತಿ ಆರುತ್ತದೆ. ಮೂಗಿನ ಹತ್ತಿರ ತಂದರೆ ಸುಟ್ಟಂಥ ವಾಸನೆ. ಮಕ್ಕಳಿದ್ದರೆ ಕನ್ನಡಕವೋ ಬಟ್ಟೆಯೋ ಅಡ್ಡ ಇರಲಿ, ಚೂರು ಹಾರಬಹುದು.

ಊರಿಗೆ ಹೋಗುವಾಗ

ಬೀಗ ಹಾಕಿ ಹೋಗಿ. ನಂಬಿ ಯಾರಿಗೂ ಒಪ್ಪಿಸಬೇಡಿ. ಕಳೆದ ವರ್ಷ ಒಂದು ವಾರ ಹೊರಟಾಗ ಗುಂಡನನ್ನು ಪಕ್ಕದ ಮನೆ ಹುಡುಗನಿಗೆ ಕೊಟ್ಟಿದ್ದೆ. ಅವನು ವಾಕಿಂಗ್ ಅಂತ ಕರೆದುಕೊಂಡು ಹೋಗಿ, ಅರಳಿಕಟ್ಟೆಯ ನಾಗರಕಲ್ಲಿನ ಪಕ್ಕ ಕೂರಿಸಿ, ಕ್ರಿಕೆಟ್ ಆಡಲು ಓಡಿದ. ಮಾರನೇ ದಿನಕ್ಕೆ ಅರಿಶಿನ, ಕುಂಕುಮ. ನಾನು ವಾಪಸ್ ಬರುವಷ್ಟರಲ್ಲಿ ದಾಸವಾಳ. ಎತ್ತಿಕೊಳ್ಳಲು ಕೈ ಚಾಚಿದೆ, ಪ್ರದಕ್ಷಿಣೆ ಹಾಕುತ್ತಿದ್ದ ಅಜ್ಜಿಯೊಬ್ಬರು "ಏನಪ್ಪಾ, ಮೈಲಿಗೆ ಮಾಡ್ತೀಯಾ?" ಅಂತ ಗದರಿದರು. ಕೈ ಹಿಂದಕ್ಕೆ ತಗೊಂಡೆ.

ಮೊನ್ನೆ ಆ ದಾರಿಯಲ್ಲಿ ಹೋದಾಗ ಅವನ ಮುಂದೆ ಎರಡು ಬಾಳೆಹಣ್ಣು ಇದ್ದವು. ನಮ್ಮನೆಯಲ್ಲಿದ್ದಷ್ಟು ದಿನ ಅವನಿಗೆ ನಾನು ಒಂದನ್ನೂ ಇಟ್ಟಿರಲಿಲ್ಲ.