ಕೊಡಗಿಗೆ ಹೊರಟಾಗ ಕ್ಯಾಮೆರಾ ಬ್ಯಾಗಿನಿಂದ ಏನೇನು ತೆಗೆದಿಟ್ಟೆ

ಹೊರಡುವ ಹಿಂದಿನ ರಾತ್ರಿ ಮಂಚದ ಮೇಲೆ ಎಲ್ಲವನ್ನೂ ಹರಡಿಕೊಂಡು ಕೂತಿದ್ದೆ. ಕ್ಯಾಮೆರಾ ಬಾಡಿ, ನಾಲ್ಕು ಲೆನ್ಸ್, ಫ್ಲ್ಯಾಶ್, ಟ್ರೈಪಾಡ್, ಚಾರ್ಜರ್, ಫಿಲ್ಟರ್ ಡಬ್ಬಿ. ಪಕ್ಕದಲ್ಲಿ ಅಡುಗೆಮನೆಯ ತೂಕದ ಯಂತ್ರ. ಹನ್ನೆರಡು ವರ್ಷದಿಂದ ಫೋಟೋ ತೆಗೆಯುತ್ತಿದ್ದೇನೆ, ಆದರೆ ಒಂದೊಂದನ್ನೇ ತೂಗಿ ನೋಡಿದ್ದು ಅದೇ ಮೊದಲು. ಹಿಂದಿನ ಸಲ ಕೊಡಗಿಗೆ ಹೋದಾಗ ಆದದ್ದು ಇನ್ನೂ ಮನಸ್ಸಿನಲ್ಲಿತ್ತು.

2017ರ ಡಿಸೆಂಬರಿನಲ್ಲಿ ಹೋದಾಗ ಮನೆಯಲ್ಲಿ ಇದ್ದದ್ದನ್ನೆಲ್ಲ ತುಂಬಿಕೊಂಡಿದ್ದೆ. ನನ್ನದು ನಿಕಾನ್ ಡಿ7200. ಅದಕ್ಕೆ 18-140 ಎಂಎಂ ಜೂಮ್ ಲೆನ್ಸ್ (ಎಂಎಂ ಹೆಚ್ಚಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ, ಕಡಿಮೆಯಾದಷ್ಟೂ ನೋಟ ಅಗಲ), ಕಡಿಮೆ ಬೆಳಕಿಗೆ 35 ಎಂಎಂ ಎಫ್/1.8 (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಒಳಗೆ ಬರುವ ಬೆಳಕು ಹೆಚ್ಚು), ಅಗಲದ ನೋಟಕ್ಕೆ ಟೋಕಿನಾ 11-16, ಆಮೇಲೆ ಎರಡು ವರ್ಷ ದುಡ್ಡು ಕೂಡಿಟ್ಟು ಕೊಂಡಿದ್ದ 200-500. ಟ್ರೈಪಾಡ್, ಫ್ಲ್ಯಾಶ್ ಬೇರೆ. ಬ್ಯಾಗೂ ಸೇರಿ ಎಂಟೂವರೆ ಕೆಜಿ ಹತ್ತಿರ ಇತ್ತು. ಕೊಡಗು ಅಲ್ವಾ, ಕಾಡು, ಹಕ್ಕಿ, ಜಲಪಾತ, ಬೆಟ್ಟ ಎಲ್ಲ ಇದೆ, ಯಾವುದು ಎಲ್ಲಿ ಬೇಕಾಗುತ್ತದೋ ಅಂತ.

ದುಬಾರೆಯಲ್ಲಿ ದೋಣಿಯಲ್ಲಿ ಕಾವೇರಿ ದಾಟಿ ಆ ಕಡೆ ಹೋದೆವು. ಮಾವುತರು ಆನೆಗಳಿಗೆ ಸ್ನಾನ ಮಾಡಿಸುತ್ತಿದ್ದರು. ನಾನು ಒಂದು ಬಂಡೆಯ ಮೇಲೆ ಕೂತು 18-140 ಬಿಚ್ಚಿ 200-500 ಹಾಕುತ್ತಿದ್ದೆ. ಹಿಂದಿನ ಕ್ಯಾಪ್ ಒಂದು ಕೈಯಲ್ಲಿ, ಲೆನ್ಸ್ ತೊಡೆಯ ಮೇಲೆ, ಬ್ಯಾಗು ನೀರಿಗೆ ಜಾರದ ಹಾಗೆ ಕಾಲಿನಲ್ಲಿ ಒತ್ತಿ ಹಿಡಿದಿದ್ದೆ. ಅಷ್ಟರಲ್ಲಿ ಒಂದು ಆನೆ ಸೊಂಡಿಲಲ್ಲಿ ನೀರು ತೆಗೆದು ಜನರ ಮೇಲೆ ಎರಚಿತು. ಅಮ್ಮ ಪೂರ್ತಿ ನೆನೆದರು. ಊರಲ್ಲಿ ನಮ್ಮ ಹಸುವನ್ನು ಬೈಯುತ್ತಿದ್ದ ಹಾಗೆಯೇ, "ಥೂ ನಿನ್ನ, ಮುದುಕಿ ಅಂತ ಕಾಣಲ್ವೇನೇ ನಿನಗೆ" ಅಂತ ಆನೆಗೆ ಬೈಯುತ್ತಾ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ, ನನ್ನ ಮಗಳ ಕೈ ಹಿಡಿದುಕೊಂಡು ನಗುತ್ತಾ ನಿಂತಿದ್ದರು. ನಾನು ಕ್ಯಾಮೆರಾ ಎತ್ತುವ ಹೊತ್ತಿಗೆ ಅಮ್ಮ ಹತ್ತು ಅಡಿ ದೂರದಲ್ಲಿದ್ದರು, ಲೆನ್ಸ್ ಶುರುವಾಗುವುದೇ 200ರಿಂದ. ಫ್ರೇಮಿನಲ್ಲಿ ಅವರ ಮುಖವೂ ಪೂರ್ತಿ ಹಿಡಿಸಲಿಲ್ಲ. ಹಿಂದೆ ಸರಿಯೋಣ ಅಂದರೆ ಜನ. ಆ ಪ್ರವಾಸದ್ದು ನನ್ನ ಹತ್ತಿರ ಆನೆಯ ಕಣ್ಣಿನ ಒಂದು ಒಳ್ಳೆಯ ಫೋಟೋ ಇದೆ, ರೆಪ್ಪೆಯ ಕೂದಲನ್ನೂ ಎಣಿಸಬಹುದು. ಅಮ್ಮನ ಫೋಟೋ ಇಲ್ಲ.

ಹಾಗಾಗಿ ಈ ಸಲ ಮೊದಲು ಮಾಡಿದ ಕೆಲಸ ಹಳೆಯ ಫೋಟೋಗಳನ್ನು ಎಣಿಸಿದ್ದು. ಕಾರ್ಡಿನಲ್ಲಿದ್ದ ಎಲ್ಲವನ್ನೂ ಅಲ್ಲ. 2017ರ ಪ್ರವಾಸದಿಂದ ಬಂದ ಮೇಲೆ ಪ್ರಿಂಟ್ ಹಾಕಿಸಿ ಆಲ್ಬಮ್ ಮಾಡಿದ್ದೆವಲ್ಲ, ಆ 60 ಫೋಟೋ ಮಾತ್ರ. ಪ್ರತಿ ಫೈಲಿನ ಒಳಗೂ ಯಾವ ಲೆನ್ಸ್, ಎಷ್ಟು ಎಂಎಂ ಅಂತ ದಾಖಲಾಗಿರುತ್ತದೆ, ಕಂಪ್ಯೂಟರಿನಲ್ಲಿ ತೆರೆದರೆ ಕಾಣುತ್ತದೆ. 41 ಫೋಟೋ 18-140ರಲ್ಲಿ ತೆಗೆದದ್ದು, ಅದರಲ್ಲೂ ಹೆಚ್ಚಿನವು 18ರಿಂದ 70ರ ಒಳಗೆ. 12 ಫೋಟೋ 35ರದ್ದು. ಟೋಕಿನಾದ್ದು ನಾಲ್ಕು. ಇಡೀ ಪ್ರವಾಸದ ತುಂಬ ಭುಜ ಇಳಿಬೀಳಿಸಿದ 200-500ರದ್ದು ಮೂರೇ ಮೂರು. ಕಾರ್ಡಿನಲ್ಲಿ ಮಾತ್ರ ಅದರಲ್ಲಿ ತೆಗೆದ ನಾನೂರು ಫೋಟೋ ಇದ್ದವು. ಅದಕ್ಕೇ ಆಲ್ಬಮ್ ಎಣಿಸಿ ಅಂತ ಹೇಳುವುದು. ಮನೆಯವರು ಮತ್ತೆ ಮತ್ತೆ ತೆಗೆದು ನೋಡುವುದು ಆಲ್ಬಮ್ಮನ್ನು, ಹಾರ್ಡ್ ಡಿಸ್ಕನ್ನಲ್ಲ.

ಎರಡನೆಯದಾಗಿ ಕೈ ಎಣಿಸಿದೆ. ಇದು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಅಮ್ಮನಿಗೆ ಮಂಡಿನೋವು. ಅಬ್ಬಿ ಜಲಪಾತಕ್ಕೆ ಕಾಫಿ ತೋಟದ ಮಧ್ಯೆ ಮೆಟ್ಟಿಲು ಇಳಿದು ಹೋಗಬೇಕು, ವಾಪಸ್ ಅಷ್ಟನ್ನೂ ಹತ್ತಬೇಕು. ಮಗನಿಗೆ ನಾಲ್ಕು ವರ್ಷ, ಜನ ಇರುವ ಕಡೆ ಕೈ ಬಿಡುವ ಹಾಗಿಲ್ಲ. ಹೆಂಡತಿ ಅವನನ್ನು ಹಿಡಿದರೆ ಅಮ್ಮನ ಕೈ ನನ್ನದು. ಅಂದರೆ ನನಗೆ ಉಳಿಯುವುದು ಒಂದೇ ಕೈ. ಒಂದು ಕೈಯಲ್ಲಿ ಲೆನ್ಸ್ ಬದಲಾಯಿಸಲು ಆಗುವುದಿಲ್ಲ. ಒಂದು ಕೈಯಲ್ಲಿ ಎತ್ತಿ ಕಣ್ಣಿಗಿಟ್ಟು ಕ್ಲಿಕ್ ಮಾಡಲು ಆಗುವಷ್ಟು ಮಾತ್ರ ಕತ್ತಿನಲ್ಲಿರಬೇಕು. 200-500 ಒಂದೇ 2300 ಗ್ರಾಂ. ಅದು ಮೊದಲು ಬೀರುವಿಗೆ ಹೋಯಿತು.

ಹೋಯಿತು ಅಂತ ಸುಲಭವಾಗಿ ಬರೆದೆ. ಅರ್ಧ ಗಂಟೆ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಪ್ರವಾಸದಲ್ಲಿ ನಾಗರಹೊಳೆ ಸಫಾರಿ ಇದ್ದಿದ್ದರೆ ನನ್ನ ಲೆಕ್ಕ ಬೇರೆ ಆಗುತ್ತಿತ್ತು. ಸಫಾರಿಯಲ್ಲಿ ಕೂತಲ್ಲೇ ಕೂತಿರುತ್ತೇವೆ, ತೂಕ ಹೊರುವ ಮಾತಿಲ್ಲ, ಪ್ರಾಣಿ ದೂರದಲ್ಲೇ ಇರುತ್ತದೆ, 140ರಲ್ಲಿ ಏನೂ ಸಿಗುವುದಿಲ್ಲ. ಹಾಗಿದ್ದರೆ ಖಂಡಿತ ತೆಗೆದುಕೊಂಡು ಹೋಗಿ, ಉಳಿದ ದಿನ ರೂಮಿನಲ್ಲಿ ಬಿಡಿ. ದೊಡ್ಡ ಲೆನ್ಸಿಗೆ ಅರಣ್ಯ ಇಲಾಖೆಯವರು ಬೇರೆ ಶುಲ್ಕ ತೆಗೆದುಕೊಳ್ಳುತ್ತಾರೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ನಮ್ಮದು ಕಕ್ಕಬ್ಬೆ ಹತ್ತಿರ ಒಂದು ಹೋಂಸ್ಟೇಯಲ್ಲಿ ನಾಲ್ಕು ರಾತ್ರಿ. ನಾಲ್ಕುನಾಡು ಅರಮನೆ, ಭಾಗಮಂಡಲ, ತಲಕಾವೇರಿ, ಮಡಿಕೇರಿ, ಮಾಂದಲಪಟ್ಟಿ. ಸಫಾರಿ ಇರಲಿಲ್ಲ.

ಟೋಕಿನಾ ತೆಗೆದಿಡುವುದು ಕಷ್ಟವಾಗಲಿಲ್ಲ. ಬೆಟ್ಟದ ಸಾಲು 11 ಎಂಎಂನಲ್ಲಿ ತೆಗೆದರೆ ಬೆಟ್ಟವೆಲ್ಲ ಗೆರೆಯಾಗಿ ಆಕಾಶವೇ ತುಂಬಿಕೊಳ್ಳುತ್ತದೆ. ಅಷ್ಟು ಅಗಲ ಬೇಕೇ ಬೇಕು ಅಂದರೆ ಕ್ಯಾಮೆರಾ ಉದ್ದಕ್ಕೆ ಹಿಡಿದು ಎಡದಿಂದ ಬಲಕ್ಕೆ ಐದಾರು ಫೋಟೋ, ಒಂದರ ಮೇಲೊಂದು ಮೂರನೇ ಒಂದು ಭಾಗ ಬರುವ ಹಾಗೆ ತೆಗೆದು ಮನೆಗೆ ಬಂದು ಜೋಡಿಸಿದರಾಯಿತು. ಒಂದೇ ಮಾತು, ಎಲ್ಲ ಫೋಟೋಗೂ ಎಕ್ಸ್‌ಪೋಷರ್ (ಒಳಗೆ ಬೀಳುವ ಬೆಳಕಿನ ಪ್ರಮಾಣ) ಒಂದೇ ಇರಲಿ, ಮ್ಯಾನುಯಲ್‌ಗೆ ಹಾಕಿಕೊಳ್ಳಿ.

ಟ್ರೈಪಾಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮನೆಯವರೆಲ್ಲ ಇರುವಾಗ ಅದನ್ನು ನಿಲ್ಲಿಸುವಷ್ಟು ಹೊತ್ತು ನನಗೆ ಯಾರೂ ಕಾಯಲಿಲ್ಲ, ಕಾಯಲಿ ಅಂತ ಬಯಸುವುದೂ ಸರಿಯಲ್ಲ. ಫ್ಲ್ಯಾಶ್ ಕೂಡ ಮನೆಯಲ್ಲೇ ಉಳಿಯಿತು.

ಉಳಿದದ್ದು ಬಾಡಿ 765 ಗ್ರಾಂ, 18-140 ಲೆನ್ಸ್ 490 ಗ್ರಾಂ, 35 ಎಂಎಂ 200 ಗ್ರಾಂ. ಒಟ್ಟು 1455. ಜೊತೆಗೆ ಎರಡು ಬ್ಯಾಟರಿ, ಚಾರ್ಜರ್, ಎರಡು 64 ಜಿಬಿ ಕಾರ್ಡ್, ಹೊಳಪು ತಗ್ಗಿಸುವ ಒಂದು ಪೋಲರೈಸರ್ ಫಿಲ್ಟರ್, ಹಳೆಯ ಕಾಟನ್ ಪಂಚೆಯ ತುಂಡು, ಎರಡು ಜಿಪ್ ಕವರ್. ಡಿ7200ರಲ್ಲಿ ಎರಡು ಕಾರ್ಡ್ ಹಾಕಬಹುದು, ಒಂದೇ ಫೋಟೋ ಎರಡಕ್ಕೂ ಹೋಗುವ ಹಾಗೆ ಇಟ್ಟುಕೊಂಡಿದ್ದೇನೆ. ರಾ ಫೈಲ್ (ಸಂಸ್ಕರಿಸದ ಮೂಲ ಫೈಲ್) ಒಂದಕ್ಕೆ 25ರಿಂದ 30 ಎಂಬಿ ಅಂದರೂ ಎರಡು ಸಾವಿರ ಫೋಟೋ ಹಿಡಿಸುತ್ತದೆ, ಲ್ಯಾಪ್‌ಟಾಪ್ ಹೊರುವುದು ತಪ್ಪಿತು. ಒಂದು ಚಾರ್ಜಿಗೆ ಸಾವಿರದ ನೂರರಷ್ಟು ಫೋಟೋ ಬರುತ್ತದೆ ಅಂತ ಕಂಪನಿಯ ಲೆಕ್ಕ, ಆದರೂ ಎರಡನೇ ಬ್ಯಾಟರಿ ಬೇಕು. ತೋಟದ ಮಧ್ಯದ ಮನೆಗಳಲ್ಲಿ ಮಳೆ ಗಾಳಿ ಬಂದರೆ ಕರೆಂಟು ಹೋಗುತ್ತದೆ.

ಮಾರ್ಚ್ ತಿಂಗಳು. ಹೋಂಸ್ಟೇಯವರ ತೋಟದಲ್ಲಿ ಸ್ಪ್ರಿಂಕ್ಲರ್ ಬಿಟ್ಟು ಹತ್ತು ದಿನ ಆಗಿತ್ತಂತೆ. ಬೆಳಿಗ್ಗೆ ಬಾಗಿಲು ತೆಗೆದರೆ ಇಡೀ ತೋಟ ಬೆಳ್ಳಗೆ. ರೋಬಸ್ಟಾ ಗಿಡದ ಕೊಂಬೆ ಕೊಂಬೆಗೂ ಹೂ ಕಟ್ಟಿದ ಹಾಗೆ, ಗಮ ಗಮ ಮಲ್ಲಿಗೆಯ ಥರದ ವಾಸನೆ, ಜೇನುಹುಳಗಳ ಸದ್ದು. ಈ ಹೂ ಮೂರು ನಾಲ್ಕು ದಿನ ಇದ್ದರೆ ಹೆಚ್ಚು. ಚಿಕ್ಕದನ್ನು ದೊಡ್ಡದಾಗಿ ತೆಗೆಯುವ ಮ್ಯಾಕ್ರೋ ಲೆನ್ಸ್ ಬಾಡಿಗೆಗೆ ತರಬೇಕಿತ್ತಾ ಅಂತ ಒಂದು ಕ್ಷಣ ಅನಿಸಿತು. ಆದರೆ 18-140 ಅನ್ನು 140ಕ್ಕೆ ತಂದು ಒಂದೂವರೆ ಅಡಿ ದೂರದಿಂದ ಫೋಕಸ್ ಮಾಡಿದರೆ ಒಂದು ಗೊಂಚಲು ಹೂವು ಫ್ರೇಮ್ ತುಂಬ ಬರುತ್ತದೆ. ಎಫ್/8, ನೆರಳಿನಲ್ಲಿ. ಅಷ್ಟು ಸಾಕಾಯಿತು.

35 ಎಂಎಂನ ಬೆಲೆ ಗೊತ್ತಾಗಿದ್ದು ಒಳಗಡೆ. ನಾಲ್ಕುನಾಡು ಅರಮನೆ 1792ರಲ್ಲಿ ದೊಡ್ಡ ವೀರರಾಜೇಂದ್ರ ಕಟ್ಟಿಸಿದ್ದು. ಬಾಗಿಲುಗಳು ಕುಳ್ಳು, ಒಳಗೆ ಕತ್ತಲೆ, ಗೋಡೆಯ ಮೇಲೆ ಮಾಸಿದ ಚಿತ್ರಗಳು. ಅಲ್ಲಿ 18-140ರಲ್ಲಿ ಐಎಸ್ಒ (ಕ್ಯಾಮೆರಾ ಬೆಳಕನ್ನು ಹಿಗ್ಗಿಸುವ ಮಟ್ಟ, ಹೆಚ್ಚಾದಷ್ಟೂ ಫೋಟೋ ತರಿತರಿ) 6400 ಕೇಳುತ್ತಿತ್ತು, 35ರಲ್ಲಿ 800ಕ್ಕೆ ಇಳಿಯಿತು. ಮಗಳು ಚಿತ್ರದಲ್ಲಿರುವ ಕುದುರೆಗಳನ್ನು ಬೆರಳು ತಾಗಿಸದೆ ಎಣಿಸುತ್ತಾ ನಿಂತಿದ್ದಳು.

ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಹೋಂಸ್ಟೇಯ ಅಡುಗೆಮನೆಯಲ್ಲಿ ತೆಗೆದದ್ದು. ಎರಡನೇ ದಿನ ಬೆಳಿಗ್ಗೆ ಅಮ್ಮ ನನಗಿಂತ ಮೊದಲೇ ಎದ್ದು ಅಲ್ಲಿ ಹೋಗಿ ಕೂತಿದ್ದರು. ಮನೆಯ ಆಂಟಿ ಕಡಂಬುಟ್ಟು ಬೇಯಿಸುತ್ತಿದ್ದರು. ಅಕ್ಕಿ ತರಿಯ ಉಂಡೆಗಳು, ನಮ್ಮ ಕಡೆಯ ಮುದ್ದೆಗಿಂತ ಚಿಕ್ಕವು. ಪಾತ್ರೆಯ ಮುಚ್ಚಳ ತೆಗೆದಾಗ ಎದ್ದ ಹಬೆ ಕಿಟಕಿಯ ಬೆಳಕಿಗೆ ಸಿಕ್ಕಿ ಬೆಳ್ಳಗಾಯಿತು, ಅದರ ಆ ಕಡೆ ಇಬ್ಬರ ಮುಖ. "ನಮ್ಮ ತುಮಕೂರು ಕಡೆ ರಾಗಿದು ಮಾಡ್ತೀವಿ ಕಣಮ್ಮಾ, ಕೈಗೆ ನೀರು ಮುಟ್ಟಿಸ್ಕೊಂಡು ಕಟ್ಟಬೇಕು" ಅಂತ ಅಮ್ಮ ಗಾಳಿಯಲ್ಲೇ ಉಂಡೆ ಕಟ್ಟಿ ತೋರಿಸುತ್ತಿದ್ದರು. ನಾನು ಬಾಗಿಲಿಗೆ ಒರಗಿ ನಿಂತಿದ್ದೆ. ಎಫ್/2, ಸೆಕೆಂಡಿನ 1/125, ಐಎಸ್ಒ 1600. ಕ್ಯಾಮೆರಾ ಚಿಕ್ಕದಾಗಿ ಕಾಣುತ್ತಿದ್ದರಿಂದಲೋ ಏನೋ, ಇಬ್ಬರೂ ನನ್ನ ಕಡೆ ತಿರುಗಲೇ ಇಲ್ಲ. ಹೊರಗಿನ ಚಳಿಯಿಂದ ನೇರ ಅಡುಗೆಮನೆಗೆ ಕ್ಯಾಮೆರಾ ತಂದರೆ ಲೆನ್ಸಿನ ಮೇಲೆ ಮಂಜು ಕೂರುತ್ತದೆ. ಹಾಗಾಗಿ ಮೊದಲೇ ಕಾಲು ಗಂಟೆ ಬ್ಯಾಗಿನಲ್ಲೇ ಮುಚ್ಚಿ ಒಳಗೆ ಇಟ್ಟಿದ್ದೆ. ಆ ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಒಂದು ಪ್ರತಿ ಆಂಟಿಗೂ ಕಳಿಸಿದೆ.

ಅಬ್ಬಿಯಲ್ಲಿ ಟ್ರೈಪಾಡ್ ಇಲ್ಲದೆಯೂ ನೀರು ನೂಲಿನ ಹಾಗೆ ಬಂತು. ಪೋಲರೈಸರ್ ಹಾಕಿದರೆ ಒದ್ದೆ ಬಂಡೆಯ ಹೊಳಪೂ ಹೋಗುತ್ತದೆ, ಬೆಳಕೂ ಒಂದೂವರೆ ಸ್ಟಾಪಿನಷ್ಟು, ಅಂದರೆ ಸುಮಾರು ಮೂರನೇ ಒಂದು ಭಾಗಕ್ಕೆ, ಇಳಿಯುತ್ತದೆ, ಹಾಗಾಗಿ ಶಟರ್ ಹೆಚ್ಚು ಹೊತ್ತು ತೆರೆದಿಡಬಹುದು. ಐಎಸ್ಒ 100, ಎಫ್/16, ಸೆಕೆಂಡಿನ 1/8, ಮೊಣಕೈ ಎರಡೂ ಕಂಬಿಗೆ ಒತ್ತಿ, ಉಸಿರು ಬಿಡುತ್ತಾ ಆರು ಫೋಟೋ. ಆರರಲ್ಲಿ ಎರಡು ಅಲುಗದೆ ಬಂದವು. ಅಷ್ಟು ಹೊತ್ತು ಅಮ್ಮ ಮಗಳ ಜೊತೆ ಕಂಬಿ ಹಿಡಿದು ನಿಂತಿದ್ದರು, ಆಮೇಲೆ ಅವರ ಕೈ ನನ್ನ ಕೈಗೆ ಬಂತು, ಹತ್ತು ಮೆಟ್ಟಿಲಿಗೊಮ್ಮೆ ನಿಂತು ನಿಂತು ಹತ್ತಿದೆವು. 2017ರಲ್ಲಿ ಇದೇ ಮೆಟ್ಟಿಲಲ್ಲಿ ಬ್ಯಾಗ್ ಹೊತ್ತುಕೊಂಡು ನಾನೇ ಮುಂದೆ ಹೋಗಿಬಿಟ್ಟಿದ್ದೆ.

ಮಾಂದಲಪಟ್ಟಿಗೆ ಜೀಪಿನಲ್ಲಿ ಹೋಗಬೇಕು. ದಾರಿ ಎಷ್ಟು ಎತ್ತಿಹಾಕುತ್ತದೆ ಅಂದರೆ ಒಂದು ಕೈ ಕಂಬಿಗೆ, ಇನ್ನೊಂದು ಕೈ ಮಗನ ಸುತ್ತ. ದೊಡ್ಡ ಬ್ಯಾಗು ಇದ್ದಿದ್ದರೆ ಅದನ್ನು ಯಾರ ತೊಡೆಯ ಮೇಲೆ ಇಡುವುದು? ಮೇಲೆ ಹೋದರೆ ಮಂಜು ಬಿಟ್ಟು ಏನೂ ಕಾಣಲಿಲ್ಲ. ಮಂಜಿನಲ್ಲಿ ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಮೋಸ ಹೋಗುತ್ತದೆ, ಬಿಳಿಯನ್ನು ಬೂದು ಮಾಡಿಬಿಡುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಶನ್ +0.7 ಅಥವಾ +1 ಕೊಟ್ಟು ಫೋಟೋವನ್ನು ಬೆಳ್ಳಗಾಗಿಸಿ. ಮಕ್ಕಳಿಬ್ಬರೂ ಹುಲ್ಲಿನಲ್ಲಿ ಓಡಿ ಮಂಜಿನಲ್ಲಿ ಅರ್ಧ ಮಾಯವಾದ ಫೋಟೋ ಈಗ ನಮ್ಮ ಹಾಲಿನಲ್ಲಿದೆ.

ತಪ್ಪಿಹೋದದ್ದೂ ಇದೆ, ಅದನ್ನು ಹೇಳದಿದ್ದರೆ ಸರಿಯಲ್ಲ. ಮೂರನೇ ದಿನ ಸಂಜೆ ತೋಟದ ಅಂಚಿನ ಅತ್ತಿ ಮರಕ್ಕೆ ಒಂದು ಜೊತೆ ಮಂಗಟ್ಟೆ ಹಕ್ಕಿ ಬಂದವು. ಹಣ್ಣು ಕಿತ್ತು ಮೇಲಕ್ಕೆಸೆದು ನುಂಗುತ್ತಿದ್ದವು, ಬೆಳಕು ಬೇರೆ ಪಕ್ಕದಿಂದ ಬೀಳುತ್ತಿತ್ತು. 140ರಲ್ಲಿ ಮರದೊಳಗೆ ಎರಡು ಚುಕ್ಕೆ ಅಷ್ಟೇ. 200-500 ಇದ್ದಿದ್ದರೆ, ಅಂತ ಹೊಟ್ಟೆ ಉರಿಯಿತು, ಈಗಲೂ ಉರಿಯುತ್ತದೆ. ಆದರೆ ಮಗಳಿಗೆ ಅಂತ ಒಂದು ಸಣ್ಣ ಬೈನಾಕ್ಯುಲರ್ ಹಾಕಿಕೊಂಡಿದ್ದೆ. ಅದು ಎಲ್ಲರ ಕೈಗೂ ಸುತ್ತಿತು. ಹಕ್ಕಿ ಹಾರಿಹೋದ ಮೇಲೂ ಅಮ್ಮ ಅದನ್ನು ಕಣ್ಣಿನಿಂದ ತೆಗೆದಿರಲಿಲ್ಲ.

ನೀವು ಹೋಗುವ ತಿಂಗಳು ಬೇರೆಯಾದರೆ ಲೆಕ್ಕವೂ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನ ಮಳೆಯಲ್ಲಿ ಹೊರಗೆ ಲೆನ್ಸ್ ಬಿಚ್ಚುವ ಯೋಚನೆಯನ್ನೇ ಬಿಡಿ, ಒಂದೇ ಲೆನ್ಸ್ ಹಾಕಿಕೊಂಡು ಹೋಗಿ, ಜಡಿಮಳೆ ಬಂದರೆ ಫೋನ್ ಇದೆ. ಒಂದು ಮಳೆಗಾಲ ಮಲೆನಾಡಿನಿಂದ ಬಂದವನು ಒದ್ದೆ ಬ್ಯಾಗನ್ನು ಹಾಗೆಯೇ ಬೀರುವಿಗೆ ತಳ್ಳಿದ್ದೆ. ಎರಡು ತಿಂಗಳಾದ ಮೇಲೆ ತೆಗೆದರೆ ಲೆನ್ಸಿನ ಒಳಗೆ ದಾರದ ಎಳೆಯ ಹಾಗೆ ಬೂಷ್ಟು ಕವಲೊಡೆದಿತ್ತು. ಈಗ ಬಂದ ದಿನವೇ ಎಲ್ಲ ಹೊರಗೆ ತೆಗೆದು ಫ್ಯಾನ್ ಕೆಳಗೆ ಹರಡಿ, ಒರೆಸಿ, ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡುತ್ತೇನೆ. ಬ್ಯಾಗನ್ನು ಬೇರೆ ಬಿಸಿಲಿಗೆ.

ಬರುವ ಹುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಹೊತ್ತಿಗೆ ಮತ್ತೆ ಬನ್ನಿ ಅಂತ ಆಂಟಿ ಕರೆದಿದ್ದಾರೆ. ಕದಿರು ತೆಗೆಯುವುದು ರಾತ್ರಿ, ಗದ್ದೆಯಲ್ಲಿ. ಹಾಗಾಗಿ 35 ಎಂಎಂ ಬಾಡಿಯಲ್ಲೇ ಇರುತ್ತದೆ. 18-140 ಬೇಕಾ ಬೇಡವಾ ಇನ್ನೂ ತೀರ್ಮಾನಿಸಿಲ್ಲ. ಅಮ್ಮನಂತೂ ತಮ್ಮ ಚೀಲಕ್ಕೆ ಒಂದು ಸೇರು ರಾಗಿ ಹಿಟ್ಟು ತೆಗೆದಿಟ್ಟಿದ್ದಾರೆ.