ಖಾಲಿ ಹಾಪರ್ ಹಳಿ ತಪ್ಪದಂತೆ ಕಟ್ಟುವುದು ಹೇಗೆ?

ಹಾಪರ್ ಎಂದರೆ ಸರಕನ್ನು ತಳದ ಬಾಯಿಯಿಂದ ಸುರಿಸುವ, ಮೇಲೆ ತೆರೆದ ವ್ಯಾಗನ್. ಮಾದರಿ ರೈಲಿಗೆ ಅದನ್ನು ಕಟ್ಟಲು ಕೂತವರಲ್ಲಿ ಹೆಚ್ಚಿನವರು ಬಣ್ಣಕ್ಕೆ ವಾರಗಟ್ಟಲೆ ಕೊಡುತ್ತಾರೆ, ತೂಕಕ್ಕೆ ಹತ್ತು ನಿಮಿಷವನ್ನೂ ಕೊಡುವುದಿಲ್ಲ. ಕಪಾಟಿನಲ್ಲಿ ಚೆಂದ ಕಾಣುವ ವ್ಯಾಗನ್ ಮೊದಲ ತಿರುವಿನಲ್ಲೇ ಮಗುಚಿಕೊಳ್ಳುವುದು ಇದೇ ಕಾರಣಕ್ಕೆ. ಮುಚ್ಚಿದ ಡಬ್ಬಿ ವ್ಯಾಗನ್ ಆದರೆ ಒಳಗೊಂದು ಲೋಹದ ಪಟ್ಟಿ ಅಂಟಿಸಿ ಮೇಲೆ ಚಾವಣಿ ಕೂರಿಸಿದರೆ ಮುಗಿಯಿತು. ಹಾಪರಿಗೆ ಚಾವಣಿಯೂ ಇಲ್ಲ, ಸಪಾಟಾದ ತಳವೂ ಇಲ್ಲ. ಒಳಗೆ ಏನಿಟ್ಟರೂ ಮೇಲಿನಿಂದ ಕಾಣುತ್ತದೆ. ಹಾಗಾಗಿ ಈ ಬರಹದಲ್ಲಿ ಬಹುಪಾಲು ಜಾಗ ತೂಕದ ಮಾತಿಗೇ ಮೀಸಲು.

ಕಲಿಯುವವರು ಅಮೆರಿಕದ 55 ಟನ್ನಿನ, ಎರಡು ಬಾಯಿಯ ಕಲ್ಲಿದ್ದಲು ಹಾಪರಿನಿಂದಲೇ ಶುರು ಮಾಡಬೇಕು. ಮೊದಲ ಮಹಾಯುದ್ಧದ ಹೊತ್ತಿನಲ್ಲಿ, 1917ರ ಡಿಸೆಂಬರಿನಲ್ಲಿ, ಅಮೆರಿಕದ ಸರ್ಕಾರ ಖಾಸಗಿ ರೈಲ್ವೆಗಳ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡು, ಎಲ್ಲ ಕಂಪನಿಗಳಿಗೂ ಹೊಂದುವಂಥ ಎಂಜಿನ್ ಮತ್ತು ವ್ಯಾಗನ್‌ಗಳ ನಕ್ಷೆ ಮಾಡಿಸಿತು. ಈ ಹಾಪರ್ ಅವುಗಳಲ್ಲೊಂದು. 1920ರ ಮಾರ್ಚ್‌ನಲ್ಲಿ ರೈಲ್ವೆಗಳು ಮಾಲೀಕರಿಗೆ ಮರಳಿದ ಮೇಲೂ ನಕ್ಷೆ ಉಳಿದುಕೊಂಡಿತು. ಅದರ ಕಿಟ್‌ಗಳು ಈಗಲೂ ಸಿಗುತ್ತವೆ. ಅಕ್ಯುರೇಲ್ ಕಂಪನಿಯದು ಹೊಸಬರಿಗೆ ಸಾಕಷ್ಟು ಸುಲಭ. ಎಚ್‌ಒ ಅಳತೆಯಲ್ಲಿ, ಅಂದರೆ 87ರಲ್ಲಿ ಒಂದು ಪಾಲಿನಲ್ಲಿ, ಇದರ ಉದ್ದ ಹೆಚ್ಚುಕಡಿಮೆ 11 ಸೆಂ.ಮೀ.

ಮೊದಲ ಕೆಲಸ: ತುಂಡುಗಳನ್ನು ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ತೊಳೆದು ಒಣಗಿಸಿ, ಅಚ್ಚಿನ ಕಡ್ಡಿಯಿಂದ ಕಟ್ಟರಿನಲ್ಲಿ ಬಿಡಿಸಿ, ಗಂಟುಗಳನ್ನು ಸಣ್ಣ ಅರದಿಂದ ಉಜ್ಜಿ. ಬೆರಳಿನಿಂದ ಮುರಿದು ತೆಗೆಯಬೇಡಿ.

ಎರಡನೆಯದು ಡಬ್ಬಿ ಕಟ್ಟುವುದು. ಪಕ್ಕದ ಗೋಡೆಗಳು ಬಿಡಿಯಾಗಿ ಬರುವ ಕಿಟ್ ಆದರೆ ದಪ್ಪ ಗಾಜಿನ ಹಲಗೆಯ ಮೇಲೆ, ಮೂಲೆಮಟ್ಟ ಹಿಡಿದು, ಒಂದು ಪಕ್ಕ ಮತ್ತು ಒಂದು ತುದಿಯನ್ನು ಮಾತ್ರ ಜೋಡಿಸಿ ಒಣಗಲು ಬಿಡಿ. ಇನ್ನೊಂದು ಜೋಡಿಯನ್ನೂ ಹಾಗೇ ಮಾಡಿ, ಕೊನೆಗೆ ಎರಡನ್ನೂ ಕೂಡಿಸಿ. ನಾಲ್ಕು ಗೋಡೆಯನ್ನೂ ಒಂದೇ ಸಲಕ್ಕೆ ಅಂಟಿಸಿದರೆ ಡಬ್ಬಿ ಸೊಟ್ಟಗಾಗುವುದು ಖಚಿತ. ಅಂಟಿಸಲು ಸ್ಟೈರೀನ್ ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುವ ನೀರಿನಂಥ ಅಂಟು ಬೇಕು. ಸಂದಿಗೆ ಕುಂಚ ತಾಗಿಸಿದರೆ ತಾನೇ ಒಳಗೆ ಹರಿಯುತ್ತದೆ. ಟ್ಯೂಬಿನಲ್ಲಿ ಬರುವ ಗಟ್ಟಿ ಅಂಟು ನೂಲು ನೂಲಾಗಿ ಎಳೆದುಕೊಂಡು ರಿವೆಟ್‌ಗಳ ಮೇಲೆ ಬೀಳುತ್ತದೆ. ದಿಢೀರ್ ಗಮ್ ಇಲ್ಲಿ ಬೇಡವೇ ಬೇಡ, ಒಂದು ಸಲ ಕೆಳಗೆ ಬಿದ್ದರೆ ಕೀಲು ಬಿಟ್ಟುಕೊಳ್ಳುತ್ತದೆ. ಕಿಟಕಿ ತೆರೆದಿಟ್ಟೇ ಕೆಲಸ ಮಾಡಿ, ಈ ದ್ರಾವಕಗಳ ಆವಿ ಒಳ್ಳೆಯದಲ್ಲ.

ಮೂರನೆಯದು ಒಳಗಿನ ಇಳಿಜಾರು ಹಲಗೆಗಳು. ಕಲ್ಲಿದ್ದಲು ತನ್ನ ಭಾರಕ್ಕೆ ತಾನೇ ಜಾರಿ ಕೆಳಗಿನ ಬಾಯಿಗೆ ಬೀಳಲಿ ಎಂದೇ ಇವು ಇರುವುದು. ಹಲಗೆ ಮತ್ತು ಗೋಡೆಯ ನಡುವೆ ಬೆಳಕು ಕಂಡರೆ ಅದು ಹಾಪರ್ ಎಂಬ ನಂಬಿಕೆಯೇ ಹೋಗುತ್ತದೆ, ಏಕೆಂದರೆ ಅಷ್ಟು ಸಂದಿಯಲ್ಲಿ ನಿಜವಾದ ವ್ಯಾಗನ್ ದಾರಿಯುದ್ದಕ್ಕೂ ಕಲ್ಲಿದ್ದಲು ಸುರಿಸುತ್ತಾ ಹೋಗಬೇಕಾಗುತ್ತದೆ. ಅಂಟಿಲ್ಲದೆ ಇಟ್ಟು ನೋಡಿ, ಬಿಗಿಯಾದ ಕಡೆ ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜಿ, ಸಡಿಲವಾದ ಕಡೆ ತೆಳು ಸ್ಟೈರೀನ್ ಪಟ್ಟಿ ಸೇರಿಸಿ. ಪುಟ್ಟಿ ಮೆತ್ತಿ ಸಂದಿ ಮುಚ್ಚುವ ಅಡ್ಡದಾರಿ ಹಲವರಿಗೆ ಪ್ರಿಯ. ಆದರೆ ಆ ಇಕ್ಕಟ್ಟಿನ ಮೂಲೆಯಲ್ಲಿ ಪುಟ್ಟಿಯನ್ನು ನಯ ಮಾಡಲು ಕೈಯೇ ಹೋಗುವುದಿಲ್ಲ.

ಈಗ ತೂಕ. ಅಮೆರಿಕದ ರಾಷ್ಟ್ರೀಯ ಮಾದರಿ ರೈಲು ಸಂಘ, ಎಂದರೆ ಎನ್‌ಎಂಆರ್‌ಎ, ಎಚ್‌ಒ ವ್ಯಾಗನ್ನಿಗೆ ಕೊಟ್ಟಿರುವ ಸೂತ್ರ ಸರಳ: ಮೂಲ ತೂಕ ಒಂದು ಔನ್ಸ್, ಅದರ ಮೇಲೆ ಪ್ರತಿ ಇಂಚು ಉದ್ದಕ್ಕೆ ಅರ್ಧ ಔನ್ಸ್. ನಮ್ಮ ಲೆಕ್ಕದಲ್ಲಿ 28 ಗ್ರಾಂ, ಜೊತೆಗೆ ಪ್ರತಿ ಸೆಂ.ಮೀ.ಗೆ 5.6 ಗ್ರಾಂ. 11 ಸೆಂ.ಮೀ. ಹಾಪರಿಗೆ ಹತ್ತಿರ ಹತ್ತಿರ 90 ಗ್ರಾಂ. ಇನ್ನೂ ಅಂಟಿಸದ ಭಾಗ, ಗಾಲಿ, ಕಪ್ಲರ್ (ವ್ಯಾಗನ್‌ಗಳನ್ನು ಜೋಡಿಸುವ ಕೊಂಡಿ), ಸ್ಕ್ರೂ ಎಲ್ಲವನ್ನೂ ಒಟ್ಟಿಗೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲಿಟ್ಟು ತೂಗಿ. 90ಕ್ಕೆ ಎಷ್ಟು ಕಡಿಮೆ ಬರುತ್ತದೋ ಅಷ್ಟನ್ನು ಬಚ್ಚಿಡಬೇಕು.

ಹಗುರವಾದ ವ್ಯಾಗನ್ ಒಂಟಿಯಾಗಿ ಓಡುವಾಗ ತಕರಾರು ಮಾಡುವುದಿಲ್ಲ. ಅದನ್ನು ಉದ್ದನೆಯ ರೈಲಿನ ಮುಂಭಾಗದಲ್ಲಿ ಸೇರಿಸಿದಾಗ, ಎಂಜಿನ್ ಎಳೆತ ಮತ್ತು ಹಿಂದಿನ ವ್ಯಾಗನ್‌ಗಳ ಜಗ್ಗಾಟ ಎರಡೂ ಸೇರಿ ತಿರುವಿನಲ್ಲಿ ಅದನ್ನು ಒಳಬದಿಗೆ ಎಳೆದು ಬೀಳಿಸುತ್ತವೆ. ಹಿಂದಕ್ಕೆ ತಳ್ಳಿದಾಗ ಅದೇ ವ್ಯಾಗನ್ ಹೊರಬದಿಗೆ ಚಿಮ್ಮುತ್ತದೆ. ಆದ್ದರಿಂದ ಸೂತ್ರಕ್ಕಿಂತ ನಾಲ್ಕು ಗ್ರಾಂ ಹೆಚ್ಚುಕಡಿಮೆ ಆದರೂ ಚಿಂತೆಯಿಲ್ಲ, ನಿಮ್ಮ ರೈಲಿನ ಹಾಪರ್‌ಗಳೆಲ್ಲ ಒಂದೇ ತೂಕಕ್ಕಿರಲಿ.

ಬಚ್ಚಿಡಲು ಮೂರು ಜಾಗಗಳಿವೆ. ಎರಡೂ ತುದಿಯ ಇಳಿಜಾರಿನ ಅಡಿಭಾಗ, ನಡುವೆ ಎರಡು ಇಳಿಜಾರುಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿರುವ ಗೂಡು, ಮತ್ತು ತಳದುದ್ದಕ್ಕೂ ಹೋಗುವ ತೊಲೆಯ ಟೊಳ್ಳು. ಇಷ್ಟು ಚಿಕ್ಕ ಜಾಗಕ್ಕೆ ಕಬ್ಬಿಣ ಸಾಲದು. ಒಂದು ಘನ ಸೆಂ.ಮೀ. ಕಬ್ಬಿಣ 8 ಗ್ರಾಂಗಿಂತ ಸ್ವಲ್ಪ ಕಡಿಮೆ ತೂಗಿದರೆ ಸೀಸ 11.3 ಗ್ರಾಂ ತೂಗುತ್ತದೆ. ಕಬ್ಬಿಣಕ್ಕೆ ಇನ್ನೊಂದು ದೋಷವೂ ಇದೆ: ಕಪ್ಲರ್ ಬಿಡಿಸಲು ಹಳಿಯ ನಡುವೆ ಅಯಸ್ಕಾಂತ ಇಟ್ಟವರ ಮನೆಯಲ್ಲಿ, ತಳದಲ್ಲಿ ಕಬ್ಬಿಣವಿರುವ ವ್ಯಾಗನ್ ಅಯಸ್ಕಾಂತದ ಕಡೆಗೆ ತಾನಾಗಿ ತೆವಳುತ್ತದೆ. ಟೈರ್ ಅಂಗಡಿಯಲ್ಲಿ ಚಕ್ರದ ಬ್ಯಾಲೆನ್ಸಿಂಗಿಗೆ ಅಂಟಿಸುವ ಐದು, ಹತ್ತು ಗ್ರಾಂ ತುಂಡುಗಳು ಕೈಗೆ ಸಿಗುತ್ತವೆ ನಿಜ. ಆದರೆ ಈಗ ಬರುವವುಗಳಲ್ಲಿ ಬಹಳಷ್ಟು ಕಬ್ಬಿಣದವು, ಅಯಸ್ಕಾಂತ ಹಿಡಿದು ನೋಡಿಯೇ ಕೊಳ್ಳಿ. ಮಂಗಳೂರು, ಮಲ್ಪೆ ಕಡೆಯವರಿಗೆ ಮೀನುಗಾರಿಕೆ ಸಾಮಾನಿನ ಅಂಗಡಿಯ ಸೀಸದ ಗುಂಡುಗಳೇ ಸಾಕು, ಸುತ್ತಿಗೆಯಿಂದ ತಟ್ಟಿದರೆ ಹಾಳೆಯಂತೆ ಅಗಲವಾಗುತ್ತವೆ.

ಒಂದೂವರೆ ಮಿ.ಮೀ. ದಪ್ಪದ, 28 ಮಿ.ಮೀ. ಅಗಲ 30 ಮಿ.ಮೀ. ಉದ್ದದ ಸೀಸದ ಹಾಳೆ 14 ಗ್ರಾಂ ತೂಗುತ್ತದೆ. ಅಂಥದ್ದೊಂದನ್ನು ತುದಿಯ ಇಳಿಜಾರಿನ ಕೆಳಗೆ ಅಂಟಿಸಿ ಕಪ್ಪು ಬಳಿದರೆ ನೆರಳಿನಲ್ಲಿ ಕಾಣುವುದಿಲ್ಲ. ಎರಡು ತುದಿ ಸೇರಿ 28 ಗ್ರಾಂ ಆಯಿತು. ಪ್ರತಿ ತುದಿಯಡಿ ನಾಲ್ಕು ಗಾಲಿ ಹೊತ್ತ ಗಾಲಿಚೌಕಟ್ಟು ತಿರುಗುವಾಗ ಹಾಳೆಗೆ ತಾಗಬಾರದು, ಅಂಟಿಸುವ ಮೊದಲೇ ತಿರುಗಿಸಿ ನೋಡಿ. ಉಳಿದದ್ದು ನಡುವಿನ ಗೂಡಿಗೆ ಮತ್ತು ತೊಲೆಯ ಟೊಳ್ಳಿಗೆ. ಎರಡೂ ತುದಿಗೆ ಸಮವಾಗಿ ಹಂಚಿ, ಸಾಧ್ಯವಾದಷ್ಟೂ ಕೆಳಗಿರಲಿ. ವ್ಯಾಗನ್ನಿನ ನಟ್ಟನಡುವೆ ಒಂದು ಪೆನ್ಸಿಲನ್ನು ಅಡ್ಡಲಾಗಿ ಇಟ್ಟು ಅದರ ಮೇಲೆ ನಿಲ್ಲಿಸಿದರೆ ಯಾವ ತುದಿ ಭಾರವೆಂಬುದು ಗೊತ್ತಾಗುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಸೀಸದ ಸಣ್ಣ ಗುಂಡುಗಳನ್ನು ಗೂಡಿಗೆ ಸುರಿದು ಮೇಲೆ ಬಿಳಿ ಮರದ ಗೋಂದು ಹೊಯ್ಯುವುದು ಎಲ್ಲರೂ ಮಾಡುವ ಸುಲಭ ಉಪಾಯ. ದಯವಿಟ್ಟು ಮಾಡಬೇಡಿ. ಆ ಗೋಂದಿನಿಂದ ಹೊರಡುವ ಅಸಿಟಿಕ್ ಆಮ್ಲ ಸೀಸವನ್ನು ನಿಧಾನವಾಗಿ ತಿಂದು ಬಿಳಿ ಪುಡಿಯಾಗಿಸುತ್ತದೆ. ಪುಡಿಗೆ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಕು. ಇಂದು ಚೆನ್ನಾಗಿಯೇ ಕಾಣುವ ವ್ಯಾಗನ್ನಿನ ಪಕ್ಕದ ಗೋಡೆಗಳು ಕೆಲವು ವರ್ಷಗಳಲ್ಲಿ ಉಬ್ಬಿ ಬಿರಿಯುತ್ತವೆ. ಹುಳಿ ವಾಸನೆ ಬರುವ ಸಿಲಿಕೋನ್ ಸೀಲೆಂಟಿನದೂ ಇದೇ ಕಥೆ. ಎರಡು ಟ್ಯೂಬಿನ ಎಪಾಕ್ಸಿ ಬಳಸಿ, ಅದೂ ತೆಳುವಾಗಿ. ಐದು ನಿಮಿಷದಲ್ಲಿ ಗಟ್ಟಿಯಾಗುವ ಎಪಾಕ್ಸಿಯನ್ನು ಮುದ್ದೆಯಾಗಿ ಹಾಕಿದರೆ ಅದರ ಬಿಸಿಗೆ ತೆಳು ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಗೂಡನ್ನು ಮುಚ್ಚುವ ಮೊದಲು ಕೆಳಗೊಂದು ಸಣ್ಣ ಗಾಳಿಕಿಂಡಿ ಕೊರೆಯಿರಿ, ಇಲ್ಲದಿದ್ದರೆ ದ್ರಾವಕದ ಆವಿ ಒಳಗೇ ಉಳಿದು ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ. ಸೀಸ ವಿಷ. ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯಿರಿ, ಅರದಿಂದ ಉಜ್ಜಿ ಧೂಳೆಬ್ಬಿಸಬೇಡಿ, ಈ ಹಂತವನ್ನು ಮಕ್ಕಳ ಕೈಗೆ ಕೊಡಬೇಡಿ.

ಗಾಲಿಗಳ ವಿಷಯಕ್ಕೆ ಬರೋಣ. ಕಿಟ್‌ನಲ್ಲಿ ಪ್ಲಾಸ್ಟಿಕ್ ಗಾಲಿ ಬಂದಿದ್ದರೆ ಅವನ್ನು ಪಕ್ಕಕ್ಕಿಟ್ಟು ಲೋಹದವನ್ನೇ ಹಾಕಿ. ಪ್ಲಾಸ್ಟಿಕ್ ಗಾಲಿಗೆ ಹಳಿಯ ಕೊಳೆ ಬೇಗ ಮೆತ್ತಿಕೊಳ್ಳುತ್ತದೆ, ತಳದ ತೂಕಕ್ಕೂ ಲೋಹವೇ ಅನುಕೂಲ. ಈ ಹಾಪರಿಗೆ 33 ಇಂಚಿನ ಗಾಲಿ, ಮಾದರಿಯಲ್ಲಿ 9.6 ಮಿ.ಮೀ. ಆನ್‌ಲೈನಿನಲ್ಲಿ ಹೆಸರಿಲ್ಲದ ಪೊಟ್ಟಣಗಳಲ್ಲಿ ಅಗ್ಗಕ್ಕೆ ಸಿಗುವ ಗಾಲಿಗಳಿಗೆ ಮರುಳಾಗಬೇಡಿ: ಅಕ್ಷ ತಿರುಗಿಸಿದರೆ ಗಾಲಿ ತೊನೆಯುತ್ತದೆ, ಒಂದು ಜೋಡಿಯ ಅಂತರ ಇನ್ನೊಂದಕ್ಕಿರುವುದಿಲ್ಲ. ಎರಡು ಗಾಲಿಗಳ ಒಳಮುಖಗಳ ನಡುವೆ 14.5 ಮಿ.ಮೀ. ಆಸುಪಾಸು ಇರಬೇಕು. ಎನ್‌ಎಂಆರ್‌ಎ ಲೋಹದ ಗೇಜು ಒಂದನ್ನು ಕೊಂಡರೆ ಹಳಿ, ಗಾಲಿ ಎರಡನ್ನೂ ಅದರಲ್ಲೇ ಅಳೆಯಬಹುದು. ಅಕ್ಷದ ಸೂಜಿಮೊನೆ ಕೂರುವ ಗುಳಿಯಲ್ಲಿ ಅಚ್ಚಿನ ಚೂರು ಉಳಿದಿದ್ದರೆ ಗಾಲಿ ಬೇಗ ನಿಂತುಬಿಡುತ್ತದೆ. ಅದನ್ನು ಕೆರೆದು ತೆಗೆಯುವ ಉಪಕರಣಕ್ಕೆ ಕೊಡುವ ದುಡ್ಡು ದಂಡವಲ್ಲ.

ಗಾಲಿಚೌಕಟ್ಟಿನ ಸ್ಕ್ರೂಗಳನ್ನು ಎರಡೂ ಕಡೆ ಒಂದೇ ಬಿಗಿಗೆ ತಿರುಗಿಸುವುದು ತಪ್ಪು. ಒಂದು ತುದಿಯ ಸ್ಕ್ರೂ ಚೌಕಟ್ಟು ಎಡಬಲಕ್ಕೆ ತಿರುಗುವಷ್ಟು ಮಾತ್ರ ಸಡಿಲವಿರಲಿ, ಅಲುಗಾಡದಿರಲಿ. ಇನ್ನೊಂದು ತುದಿಯದನ್ನು ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ, ಚೌಕಟ್ಟು ಎಲ್ಲ ಕಡೆಗೂ ತುಸು ವಾಲುವಂತೆ ಬಿಡಿ. ಮೂರು ಕಾಲಿನ ಸ್ಟೂಲು ಎಂಥ ನೆಲದಲ್ಲೂ ಕುಂಟದೆ ನಿಲ್ಲುತ್ತದಲ್ಲ, ಹಾಗೆ ವ್ಯಾಗನ್ನಿನ ಭಾರ ಮೂರು ಬಿಂದುಗಳ ಮೇಲೆ ಕೂತು, ಹಳಿ ಸ್ವಲ್ಪ ಏರುಪೇರಾಗಿದ್ದರೂ ಎಂಟೂ ಗಾಲಿ ಹಳಿ ಕಚ್ಚಿಕೊಂಡಿರುತ್ತವೆ.

ಕಪ್ಲರ್‌ಗೆ ನನ್ನ ಆಯ್ಕೆ ಕೇಡೀ ಕಂಪನಿಯ ಲೋಹದ್ದು. ಕಿಟ್ ಜೊತೆ ಬರುವ ಪ್ಲಾಸ್ಟಿಕ್ ಕಪ್ಲರಿನ ಸ್ಪ್ರಿಂಗ್ ಕಡ್ಡಿ ಕಾಲಕ್ರಮೇಣ ಸೋಲುತ್ತದೆ. ಹಳಿಯ ಮೇಲ್ಮೈಯಿಂದ ಕಪ್ಲರಿನ ನಡುವಿಗೆ 9.9 ಮಿ.ಮೀ. ಎತ್ತರ ಬರಬೇಕು. ತಗ್ಗಿದ್ದರೆ ಗಾಲಿಚೌಕಟ್ಟು ಮತ್ತು ತಳದ ನಡುವೆ ತೆಳು ವಾಷರ್ ಹಾಕಿ. ಕಪ್ಲರನ್ನೇ ಮೇಲಕ್ಕೆ ಬಗ್ಗಿಸುವವರನ್ನು ನೋಡಿದ್ದೇನೆ, ಅಂಥ ವ್ಯಾಗನ್ ಏರಿನಲ್ಲಿ ಕಳಚಿಕೊಳ್ಳುತ್ತದೆ.

ನಮ್ಮ ರೈಲ್ವೆಯ ಜಲ್ಲಿ ಸುರಿಯುವ ಬಿಒಬಿವೈಎನ್ ಹಾಪರನ್ನೇ ಕಟ್ಟಬೇಕೆಂಬ ಆಸೆ ಇಲ್ಲಿ ಹಲವರಿಗೆ ಇದೆ, ನನಗೂ ಇದೆ. ಅದಕ್ಕೂ ಮೇಲಿನ ತೂಕದ ಲೆಕ್ಕವೇ ಅನ್ವಯ. ಆದರೆ ಅಮೆರಿಕದ ಗಾಲಿಗಳನ್ನು ಹಾಗೇ ಹಾಕಬೇಡಿ. ನಮ್ಮ ಗೂಡ್ಸ್ ವ್ಯಾಗನ್ನಿನ ಹೊಸ ಗಾಲಿ 1,000 ಮಿ.ಮೀ., ಮಾದರಿಯಲ್ಲಿ 11.5. ನಮ್ಮ ಬ್ರಾಡ್‌ಗೇಜ್ 1,676 ಮಿ.ಮೀ. ಆದ್ದರಿಂದ ಎಚ್‌ಒ ಲೆಕ್ಕದಲ್ಲಿ ಹಳಿ 19 ಮಿ.ಮೀ.ಗಿಂತ ತುಸು ಅಗಲವೇ ಇರಬೇಕಿತ್ತು. ಅಂಗಡಿಯ ಹಳಿ 16.5. ಈ ವ್ಯತ್ಯಾಸವನ್ನು ಒಪ್ಪಿಕೊಂಡು ಸಿದ್ಧ ಹಳಿಯಲ್ಲೇ ಓಡಿಸುವುದು ಜಾಣತನ.

ಅಂದ ಹೆಚ್ಚಿಸಲು ಒಂದೇ ಕೆಲಸ ಮಾಡುವುದಾದರೆ ವ್ಯಾಗನ್ ಹತ್ತಲು ಹಿಡಿಯುವ ಹಿಡಿಕೆಗಳನ್ನು ಬದಲಿಸಿ. ಅಚ್ಚಿನಲ್ಲೇ ಬಂದ ದಪ್ಪ ಹಿಡಿಕೆಯನ್ನು ಚೂಪು ಬ್ಲೇಡಿನಿಂದ ಹೆರೆದು, 0.35 ಮಿ.ಮೀ. ತೂತು ಕೊರೆದು, 0.3 ಮಿ.ಮೀ. ಫಾಸ್ಫರ್ ಬ್ರಾಂಜ್ ತಂತಿ ಬಗ್ಗಿಸಿ ಕೂರಿಸಿ. ಎಲ್ಲ ಹಿಡಿಕೆಯನ್ನೂ ಒಂದೇ ಅಚ್ಚಿನ ಮೇಲೆ ಬಗ್ಗಿಸಿದರೆ ಅಳತೆ ಒಂದೇ ಬರುತ್ತದೆ. ವೈರಿನೊಳಗಿನ ತಾಮ್ರದ ಎಳೆ ಬೇಡ, ಮುಟ್ಟಿದರೆ ಸಾಕು ಸೊಟ್ಟಗಾಗುತ್ತದೆ.

ಬಣ್ಣ ಬಳಿದೇ ಬರುವ ಕಿಟ್‌ಗಳಲ್ಲಿ ಹೊರಮೈ ಸರಿಯಾಗಿರುತ್ತದೆ, ಒಳಗೆ ಮಾತ್ರ ಪ್ಲಾಸ್ಟಿಕ್ ಹೊಳೆಯುತ್ತದೆ. ಒಳಭಾಗಕ್ಕೆ ತುಕ್ಕಿನ ಕಂದು, ಅದರ ಮೇಲೆ ಅಲ್ಲಲ್ಲಿ ಕಪ್ಪು ಪುಡಿ. ಪುಡಿ ಹಚ್ಚುವ ಮೊದಲು ಮ್ಯಾಟ್ ವಾರ್ನಿಷ್ ಹೊಡೆದರೆ ಹಿಡಿಯುತ್ತದೆ, ನಂತರ ಹೊಡೆದರೆ ಅರ್ಧದಷ್ಟು ಮಾಯವಾಗುತ್ತದೆ. ನಂತರವೂ ಹೊಡೆಯುವುದಿದ್ದರೆ ಪುಡಿಯನ್ನು ಬೇಕಾದದ್ದಕ್ಕಿಂತ ಜಾಸ್ತಿ ಹಚ್ಚಿ. ಕರಾವಳಿ, ಮಲೆನಾಡಿನವರು ಮಳೆ ಹಿಡಿದ ದಿನ ಸ್ಪ್ರೇ ಡಬ್ಬಿ ಮುಟ್ಟಲೇಬೇಡಿ, ತೇವಕ್ಕೆ ವಾರ್ನಿಷ್ ಬೆಳ್ಳಗಾಗುತ್ತದೆ.

ತುಂಬಿದ ಹಾಪರ್ ಬೇಕಿದ್ದರೆ ಫೋಮ್ ತುಂಡನ್ನು ಒಳಗೆ ಹೊಂದುವಂತೆ ಕತ್ತರಿಸಿ, ಮೇಲೆ ಸಣ್ಣ ದಿಬ್ಬಗಳನ್ನು ಕೆತ್ತಿ. ಮೇಲಿನಿಂದ ಸುರಿದ ಕಲ್ಲಿದ್ದಲು ಸಪಾಟಾಗಿ ಕೂರುವುದಿಲ್ಲ. ದಿಬ್ಬದ ತುದಿಯಲ್ಲಿ ಒಂದು ಕಬ್ಬಿಣದ ವಾಷರ್ ಹುದುಗಿಸಿದರೆ ಅಯಸ್ಕಾಂತ ಹಿಡಿದು ಇಡೀ ಹೊರೆಯನ್ನು ಎತ್ತಿ ತೆಗೆಯಬಹುದು. ಫೋಮಿಗೆ ಕಪ್ಪು ಬಳಿದು, ನಿಜವಾದ ಕಲ್ಲಿದ್ದಲನ್ನು ಬಟ್ಟೆಯಲ್ಲಿ ಕಟ್ಟಿ ಕುಟ್ಟಿ, ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು ಉದುರಿಸಿ. ಒಂದು ಮಿ.ಮೀ. ಚೂರು ನಿಜದಲ್ಲಿ 87 ಮಿ.ಮೀ. ಗಡ್ಡೆ, ಅದಕ್ಕಿಂತ ದೊಡ್ಡದು ಬೇಡ. ಇಸ್ತ್ರಿ ಅಂಗಡಿಯ ಇದ್ದಿಲಿಗೆ ಆ ಹೊಳಪಿಲ್ಲ, ಗೋಂದಿನ ನೀರು ಬಿಟ್ಟ ಕೂಡಲೇ ತೇಲುತ್ತದೆ ಕೂಡ. ಇಲ್ಲಿ ಸೀಸವಿಲ್ಲವಾದ್ದರಿಂದ ಬಿಳಿ ಗೋಂದನ್ನು ನೀರಿನಲ್ಲಿ ತೆಳು ಮಾಡಿ, ಒಂದು ಹನಿ ಸೋಪು ಸೇರಿಸಿ ಧಾರಾಳವಾಗಿ ಹಾಕಿ. ಹೊರೆಯೊಳಗೆ ಹೆಚ್ಚಿನ ತೂಕ ಇಡಬೇಡಿ, ಭಾರ ಮೇಲೇರಿದರೆ ವ್ಯಾಗನ್ ಓಲಾಡುತ್ತದೆ.

ಕೊನೆಗೆ ಹಳಿಯ ಪರೀಕ್ಷೆ. ಖಾಲಿ ಹಾಪರನ್ನು ಎಂಜಿನ್ನಿಗೂ ಉಳಿದ ವ್ಯಾಗನ್‌ಗಳಿಗೂ ನಡುವೆ ಸೇರಿಸಿ, ನಿಮ್ಮಲ್ಲಿರುವ ಅತಿ ಬಿಗಿಯಾದ ತಿರುವಿನಲ್ಲಿ ಮೊದಲು ಎಳೆಯಿರಿ, ಆಮೇಲೆ ಹಿಂದಕ್ಕೆ ತಳ್ಳಿ. ಎಳೆಯುವಾಗ ಒಳಕ್ಕೆ ಬಿದ್ದರೆ ತೂಕ ಸಾಲದು. ಹಳಿ ಕವಲೊಡೆಯುವಲ್ಲಿ ಮಾತ್ರ ತಪ್ಪಿದರೆ ಗಾಲಿಗಳ ಅಂತರ ಅಳೆಯಿರಿ. ಎಲ್ಲೆಂದರಲ್ಲಿ ಒಂದೇ ಗಾಲಿ ಏರಿದರೆ ಸ್ಕ್ರೂ ಬಿಗಿಯಾಗಿದೆ. ಎಲ್ಲ ಸರಿಹೋದ ಮೇಲೆ ತಳದ ತೊಲೆಯ ಮೇಲೆ ಒಟ್ಟು ತೂಕವನ್ನು ಬಿಳಿ ಪೆನ್ಸಿಲಿನಲ್ಲಿ ಬರೆದಿಡಿ, ಮುಂದಿನ ಹಾಪರನ್ನು ಅಷ್ಟೇ ತೂಕಕ್ಕೆ ಕಟ್ಟಲು ಅದು ಬೇಕಾಗುತ್ತದೆ.