ಕಾಮಾಲೆಯ ಮೂಲ ಹುಡುಕುವಾಗ ನಾನು ಹಿಡಿಯುವ ಹಾದಿ

ಕಾಮಾಲೆಯನ್ನು ಹಗಲು ಬೆಳಕಿನಲ್ಲಿ ನೋಡಬೇಕು. ಹಳದಿ ದೀಪದ ಕೆಳಗೆ ತೆಳುವಾದ ಕಾಮಾಲೆ ತಪ್ಪಿಹೋಗುತ್ತದೆ. ರೋಗಿಗೆ ಕೆಳಗೆ ನೋಡಲು ಹೇಳಿ, ಮೇಲಿನ ರೆಪ್ಪೆ ಎತ್ತಿ ಬಿಳಿಗುಡ್ಡೆ ನೋಡುತ್ತೇನೆ. ಆಮೇಲೆ ನಾಲಿಗೆಯ ಅಡಿಭಾಗ. ಈ ಹಳದಿಗೆ ಕಾರಣವಾದ ಬಣ್ಣದ ವಸ್ತು ಬಿಲಿರುಬಿನ್ ರಕ್ತದಲ್ಲಿ ಸಹಜವಾಗಿ ಡೆಸಿಲೀಟರಿಗೆ 1.2 ಮಿಲಿಗ್ರಾಂ ಒಳಗಿರುತ್ತದೆ. ಸುಮಾರು 3 ಮುಟ್ಟುವವರೆಗೆ ಕಣ್ಣಿಗೆ ಬೀಳುವುದು ಕಷ್ಟ. ಅಂಗೈ ಹಳದಿಯಾಗಿದ್ದೂ ಬಿಳಿಗುಡ್ಡೆ ಬೆಳ್ಳಗಿದ್ದರೆ ಕ್ಯಾರೊಟಿನ್ (ಕ್ಯಾರೆಟ್‌ನಂಥ ಆಹಾರದಲ್ಲಿರುವ ಬಣ್ಣ) ಹೆಚ್ಚಾಗಿರುವ ಸಾಧ್ಯತೆಯೇ ಹೆಚ್ಚು.

ಪರೀಕ್ಷೆ ಬರೆದುಕೊಡುವ ಮೊದಲೇ ಮೂತ್ರದ ಬಣ್ಣ ಕೇಳುತ್ತೇನೆ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಹಳೆಯ ಕೆಂಪು ರಕ್ತಕಣ ಒಡೆದಾಗ ಹುಟ್ಟುವ ಬಿಲಿರುಬಿನ್ ರಕ್ತದ ಪ್ರೋಟೀನಾದ ಅಲ್ಬುಮಿನ್‌ಗೆ ಅಂಟಿಕೊಂಡಿರುತ್ತದೆ, ಮೂತ್ರಕ್ಕೆ ಇಳಿಯುವುದಿಲ್ಲ. ಲಿವರ್ ಅದನ್ನು ನೀರಿನಲ್ಲಿ ಕರಗುವಂತೆ ಮಾರ್ಪಡಿಸಿದ ಮೇಲೆ ಮಾತ್ರ ಮೂತ್ರದಲ್ಲಿ ಹೋಗಬಲ್ಲದು. ಹಾಗಾಗಿ ಕಣ್ಣು ಹಳದಿ, ಮೂತ್ರದಲ್ಲಿ ಬಿಲಿರುಬಿನ್ ಇಲ್ಲ ಎಂದರೆ ರಕ್ತಕಣ ಒಡೆಯುತ್ತಿರುವುದನ್ನೋ ಗಿಲ್ಬರ್ಟ್ ಸಿಂಡ್ರೋಮನ್ನೋ (ಹುಟ್ಟಿನಿಂದ ಬರುವ, ಅಪಾಯವಿಲ್ಲದ ಸ್ಥಿತಿ) ಮೊದಲು ಯೋಚಿಸುತ್ತೇನೆ. ಮೂತ್ರ ಕಡುಗಂದಾಗಿದ್ದರೆ ತೊಂದರೆ ಲಿವರ್‌ನಲ್ಲಿದೆ ಅಥವಾ ಪಿತ್ತನಾಳದಲ್ಲಿದೆ. ಜೊತೆಗೆ ಮಲ ಸುಣ್ಣದಂತೆ ಬಿಳಿಚಿ, ಮೈಯೆಲ್ಲ ತುರಿಕೆಯಿದ್ದರೆ ಪಿತ್ತ ಕರುಳಿಗೆ ಇಳಿಯುತ್ತಿಲ್ಲ. ನೀರು ಕಡಿಮೆ ಕುಡಿದವರ ಮೂತ್ರವೂ ಗಾಢವಾಗಿರುವುದರಿಂದ ಡಿಪ್‌ಸ್ಟಿಕ್ (ಮೂತ್ರದಲ್ಲಿ ಅದ್ದಿ ನೋಡುವ ಪಟ್ಟಿ) ಹಾಕಿ ಖಚಿತಪಡಿಸಿಕೊಳ್ಳಬೇಕು. ಮಾದರಿ ತಾಜಾ ಇರಲಿ. ಬೆಳಕಿನಲ್ಲಿ ಬಹಳ ಹೊತ್ತು ಇಟ್ಟರೆ ಬಿಲಿರುಬಿನ್ ನಾಶವಾಗಿ ಸುಳ್ಳು ನೆಗೆಟಿವ್ ಬರುತ್ತದೆ.

ಹಿಂದಿನ ಮೂರು ತಿಂಗಳಲ್ಲಿ ನುಂಗಿದ ಪ್ರತಿ ಔಷಧಿಯ ಹೆಸರನ್ನೂ ಕೇಳಿ ಬರೆದುಕೊಳ್ಳುತ್ತೇನೆ, ಗಿಡಮೂಲಿಕೆ ಪುಡಿ, ದೇಹದಾರ್ಢ್ಯದ ಪೂರಕಗಳನ್ನೂ ಸೇರಿಸಿ. ಅಮಾಕ್ಸಿಸಿಲಿನ್-ಕ್ಲಾವುಲನೇಟ್ ನಿಲ್ಲಿಸಿ ಕೆಲವು ವಾರ ಕಳೆದ ಮೇಲೂ ಕಾಮಾಲೆ ಬರಬಹುದು. ಕ್ಷಯದ ಮಾತ್ರೆಗಳಲ್ಲಿ ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್ ಮೂರೂ ಲಿವರ್‌ಗೆ ಏಟು ಕೊಡಬಲ್ಲವು.

ಲಿವರ್ ಪರೀಕ್ಷೆಯ (ಎಲ್‌ಎಫ್‌ಟಿ) ವರದಿಯಲ್ಲಿ ಮೊದಲು ನೋಡುವುದು ಒಟ್ಟು ಬಿಲಿರುಬಿನ್‌ನಲ್ಲಿ ಡೈರೆಕ್ಟ್ ಪಾಲು, ಅಂದರೆ ಲಿವರ್ ಮಾರ್ಪಡಿಸಿದ್ದು, ಎಷ್ಟೆಂದು. ಇನ್‌ಡೈರೆಕ್ಟ್ (ಇನ್ನೂ ಮಾರ್ಪಡದ ಪಾಲು) ಮಾತ್ರ ಏರಿದ್ದರೆ ರಕ್ತಕಣ ಒಡೆಯುತ್ತಿವೆಯೇ ಎಂದು ತಿಳಿಯಲು ಹಿಮೋಗ್ಲೋಬಿನ್, ರೆಟಿಕ್ಯುಲೊಸೈಟ್ (ಎಳೆಯ ಕೆಂಪುಕಣ), ಎಲ್‌ಡಿಹೆಚ್ (ಕಣ ಒಡೆದಾಗ ಏರುವ ಕಿಣ್ವ), ರಕ್ತದ ಸ್ಮಿಯರ್ (ಸೂಕ್ಷ್ಮದರ್ಶಕದಲ್ಲಿ ನೋಡುವ ರಕ್ತದ ಲೇಪ) ಮಾಡಿಸುತ್ತೇನೆ. ಇವೆಲ್ಲ ಸರಿಯಿದ್ದು ಉಪವಾಸ, ಜ್ವರದ ದಿನಗಳಲ್ಲಷ್ಟೇ ಹಳದಿ ಕಾಣುವುದಾದರೆ ಅದು ಗಿಲ್ಬರ್ಟ್, ಚಿಕಿತ್ಸೆ ಬೇಡ. ರಕ್ತ ಎಳೆಯುವಾಗಲೇ ಕಣ ಒಡೆದಿದ್ದರೆ ಎಲ್‌ಡಿಹೆಚ್, ಎಎಸ್‌ಟಿ (ಲಿವರ್ ಕೋಶದಲ್ಲೂ ಕೆಂಪುಕಣದಲ್ಲೂ ಇರುವ ಕಿಣ್ವ) ಸುಮ್ಮನೆ ಏರುತ್ತವೆ, ಆಗ ಮತ್ತೆ ಮಾದರಿ ತೆಗೆಯುವುದೇ ಸರಿ.

ಡೈರೆಕ್ಟ್ ಏರಿದ್ದರೆ ಎಎಲ್‌ಟಿಯನ್ನೂ (ಲಿವರ್ ಕೋಶ ಒಡೆದಾಗ ರಕ್ತಕ್ಕೆ ಸೋರುವ ಕಿಣ್ವ) ಆಲ್ಕಲೈನ್ ಫಾಸ್ಫಟೇಸನ್ನೂ (ಪಿತ್ತಕ್ಕೆ ತಡೆಯಾದಾಗ ಏರುವ ಕಿಣ್ವ) ಅವುಗಳ ಸಹಜ ಮೇಲ್ಮಿತಿಯಿಂದ ಭಾಗಿಸಿ, ಮೊದಲನೆಯ ಫಲವನ್ನು ಎರಡನೆಯದರಿಂದ ಭಾಗಿಸುತ್ತೇನೆ. ಉತ್ತರ 5 ಅಥವಾ ಹೆಚ್ಚಿದ್ದರೆ ಲಿವರ್ ಕೋಶಗಳಿಗೆ ಹಾನಿ, 2 ಅಥವಾ ಕಡಿಮೆಯಿದ್ದರೆ ಪಿತ್ತದ ಹರಿವಿಗೆ ಅಡ್ಡಿ, ನಡುವೆ ಇದ್ದರೆ ಮಿಶ್ರ. ಎಎಲ್‌ಟಿ 1000 ದಾಟಿದಾಗ ವೈರಲ್ ಹೆಪಟೈಟಿಸ್, ಪ್ಯಾರಸಿಟಮಾಲ್ ಮಿತಿಮೀರಿದ್ದು, ಲಿವರ್‌ಗೆ ರಕ್ತ ಸಾಲದಿರುವುದು ಮೊದಲಿಗೆ ನೆನಪಾಗಬೇಕು. ಎಎಸ್‌ಟಿ ಎಎಲ್‌ಟಿಯ ಎರಡು ಪಟ್ಟು, ಆದರೂ 300ರ ಒಳಗೇ ಇದ್ದರೆ ಮದ್ಯದ ಹಾನಿ. ಬಿಲಿರುಬಿನ್ ಬಹಳ ಏರಿ ಎಎಲ್‌ಟಿ ಅಷ್ಟಾಗಿ ಏರದೆ, ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸದ ಅಳತೆ) ಕೂಡ ಹೆಚ್ಚಿದ ಜ್ವರದ ರೋಗಿಯಲ್ಲಿ ಲೆಪ್ಟೊಸ್ಪೈರೋಸಿಸ್ (ಇಲಿಜ್ವರ), ಮಲೇರಿಯಾ ಹುಡುಕದೆ ಬಿಡಬಾರದು.

ಅಡ್ಡಿಯ ಸುಳಿವಿದ್ದರೆ ಆರು ಗಂಟೆ ಖಾಲಿ ಹೊಟ್ಟೆಯಲ್ಲಿ ಅಲ್ಟ್ರಾಸೌಂಡ್. ಊಟವಾಗಿದ್ದರೆ ಪಿತ್ತಕೋಶ ಕುಗ್ಗಿ ಕಲ್ಲು ಕಾಣದೆ ಹೋಗಬಹುದು. ಮುಖ್ಯ ಪಿತ್ತನಾಳ ಸಾಮಾನ್ಯವಾಗಿ 6 ಮಿಲಿಮೀಟರ್ ಒಳಗಿರುತ್ತದೆ, ಪಿತ್ತಕೋಶ ತೆಗೆಸಿದವರಲ್ಲಿ 10ರವರೆಗೂ ಒಪ್ಪಬಹುದು. ನಾಳದ ಕೆಳತುದಿಯ ಕಲ್ಲನ್ನು ಕರುಳಿನ ಗಾಳಿ ಮರೆಮಾಡುವುದರಿಂದ, ನಾಳ ಹಿಗ್ಗಿದ್ದೂ ಕಾರಣ ಕಾಣದಿದ್ದರೆ ಎಂಆರ್‌ಸಿಪಿ (ಪಿತ್ತನಾಳಗಳ ಎಂಆರ್‌ಐ) ಬೇಕು. ನೋವಿಲ್ಲದ ಕಾಮಾಲೆಯೊಂದಿಗೆ ಪಿತ್ತಕೋಶ ಕೈಗೆ ಸಿಕ್ಕರೆ ಕಲ್ಲಿಗಿಂತ ಗಡ್ಡೆಯ ಅನುಮಾನವೇ ಹೆಚ್ಚು. ಚಳಿಜ್ವರ, ಬಲಪಕ್ಕೆಯ ಕೆಳಗೆ ನೋವು, ಕಾಮಾಲೆ ಮೂರೂ ಕೂಡಿದರೆ ನಾಳದ ಸೋಂಕು. ಅದನ್ನು ಬೆಳಗಿನವರೆಗೆ ಕಾಯಿಸುವಂತಿಲ್ಲ.

ಬಿಲಿರುಬಿನ್ ಸಂಖ್ಯೆ ನೋಡಿ ಮನೆಯವರು ಹೆದರುತ್ತಾರೆ. ನನಗೆ ಭಯ ಹುಟ್ಟಿಸುವುದು ಏರಿದ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತಿದೆ ಎಂಬ ಅಳತೆ). ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಲಿವರ್ ತಯಾರಿಸುತ್ತಿದೆಯೇ ಎಂಬುದನ್ನು ಅದು ಹೇಳುತ್ತದೆ. ವಿಟಮಿನ್ ಕೆ 10 ಮಿಲಿಗ್ರಾಂ ರಕ್ತನಾಳಕ್ಕೆ ಕೊಟ್ಟು ಮರುದಿನ ಮತ್ತೆ ನೋಡಿದಾಗ ಸರಿಹೋಗಿದ್ದರೆ ಪಿತ್ತದ ಅಡ್ಡಿಯಿಂದ ವಿಟಮಿನ್ ಹೀರಲಾಗದೆ ಹಾಗಾಗಿತ್ತು. ಸರಿಹೋಗದಿದ್ದರೆ ಲಿವರ್ ಸೋಲುತ್ತಿದೆ. ಎಎಲ್‌ಟಿ ಇಳಿಯುತ್ತಾ ಐಎನ್‌ಆರ್ ಏರುತ್ತಿದ್ದರೆ ಅದು ಚೇತರಿಕೆಯಲ್ಲ, ಒಡೆಯಲು ಕೋಶಗಳೇ ಉಳಿದಿಲ್ಲ ಎಂದರ್ಥ. ಇಂಥ ರೋಗಿ ಮಂಕಾದರೆ, ಹಗಲು ಮಲಗಿ ರಾತ್ರಿ ಎಚ್ಚರವಿದ್ದರೆ ತಕ್ಷಣ ಲಿವರ್ ಕಸಿ ಸೌಲಭ್ಯವಿರುವ ಕಡೆಗೆ ಕಳಿಸಬೇಕು. ಗರ್ಭಿಣಿಯರಲ್ಲಿ ಹೆಪಟೈಟಿಸ್ ಇ ಈ ಹಂತಕ್ಕೆ ಬೇಗ ತಲುಪಬಹುದು.

ನವಜಾತ ಶಿಶುವಿನಲ್ಲಿ ಮೊದಲ 24 ಗಂಟೆಯೊಳಗೆ ಕಂಡ ಕಾಮಾಲೆ ಎಂದೂ ಸಹಜವಲ್ಲ. ಎರಡು ವಾರ ದಾಟಿಯೂ ಉಳಿದರೆ ಡೈರೆಕ್ಟ್ ಬಿಲಿರುಬಿನ್ ಅಳೆಯಬೇಕು, ಡಯಾಪರ್ ತರಿಸಿ ಮಲದ ಬಣ್ಣವನ್ನು ಸ್ವತಃ ನೋಡಬೇಕು. ಬಿಳಿಚಿದ್ದರೆ ಪಿತ್ತನಾಳವೇ ಮುಚ್ಚಿಹೋಗಿರಬಹುದು, ಅದರ ಶಸ್ತ್ರಚಿಕಿತ್ಸೆ ಹುಟ್ಟಿದ 60 ದಿನಗಳೊಳಗೆ ಆದಷ್ಟೂ ಫಲಿತಾಂಶ ಒಳ್ಳೆಯದು.